ಗಂಗೋತ್ರಿಯಿಂದ ಗೋಮುಖಕ್ಕೆ: ದೇವದಾರು, ಭೂರ್ಜ, ಹಿಮನದಿ

ಗಂಗೋತ್ರಿಗೆ ಹೋದವರಲ್ಲಿ ಹೆಚ್ಚಿನವರು ದೇವಸ್ಥಾನದಲ್ಲಿ ದರ್ಶನ ಮಾಡಿ, ಕ್ಯಾನಿನಲ್ಲಿ ಗಂಗೆಯ ನೀರು ತುಂಬಿಕೊಂಡು, ಅವತ್ತೇ ವಾಪಸ್ ಹೊರಡುತ್ತಾರೆ. ದೇವಸ್ಥಾನದ ಪಕ್ಕದಿಂದಲೇ ಒಂದು ಕಾಲುದಾರಿ ಮೇಲಕ್ಕೆ, ಗಂಗೋತ್ರಿ ಹಿಮನದಿಯ ಮೂತಿಯಾದ ಗೋಮುಖದ ಕಡೆಗೆ ಹೋಗುತ್ತದೆ. ಸುಮಾರು 2 ಕಿ.ಮೀ. ನಡೆದರೆ ಕನ್ಖೂ ಎಂಬಲ್ಲಿ ಅರಣ್ಯ ಇಲಾಖೆಯ ಗೇಟ್ ಸಿಗುತ್ತದೆ. ಅದನ್ನು ದಾಟಿದರೆ ಗಂಗೋತ್ರಿ ರಾಷ್ಟ್ರೀಯ ಉದ್ಯಾನ. 1989ರಲ್ಲಿ ಘೋಷಣೆಯಾದದ್ದು. ವಿಸ್ತೀರ್ಣ 2,390 ಚದರ ಕಿ.ಮೀ. ನಮ್ಮ ಬಂಡೀಪುರ, ನಾಗರಹೊಳೆ ಎರಡನ್ನೂ ಸೇರಿಸಿದರೂ ಇದರಷ್ಟು ಆಗುವುದಿಲ್ಲ. ಆದರೆ ಇದರ ಬಹುಪಾಲು ಕಾಡಲ್ಲ. ಬಂಡೆ, ಹಿಮ, ಮಂಜುಗಡ್ಡೆ. ಕಾಡು ಇರುವುದು ಕಣಿವೆಗಳ ಕೆಳಭಾಗದಲ್ಲಿ ಮಾತ್ರ, ಅದೂ ಕಿರಿದಾದ ಪಟ್ಟಿಯಾಗಿ.

ನಾನು ಹೋದದ್ದು ಚಿಕ್ಕಪ್ಪನ ಜೊತೆ. ಅವರು ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನನಗೆ ಹಿಮನದಿ ನೋಡಬೇಕಿತ್ತು. ಅವರಿಗೆ ಭೂರ್ಜವೃಕ್ಷ ನೋಡಬೇಕಿತ್ತು. "ಮೂವತ್ತು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಅದರ ಹೆಸರು ಬರೆದಿದ್ದೀನಿ ಕಣೋ, ಒಂದು ಸಲ ಮುಟ್ಟಿ ನೋಡಬೇಕು" ಎನ್ನುತ್ತಿದ್ದರು. ಸೆಪ್ಟೆಂಬರ್ ಕೊನೆಗೆ, ಮಳೆಗಾಲ ಮುಗಿದ ಮೇಲೆ ಹೊರಟೆವು.

ಉತ್ತರಕಾಶಿಯಿಂದ ಗಂಗೋತ್ರಿಗೆ ಸುಮಾರು 100 ಕಿ.ಮೀ. ಸುಖೀ ಘಾಟಿ ಹತ್ತಿ ಇಳಿಯುವವರೆಗೆ ಕಣಿವೆ ಕಡಿದಾಗಿ, ಇಕ್ಕಟ್ಟಾಗಿ ಇರುತ್ತದೆ. ಆಮೇಲೆ ಒಮ್ಮೆಲೇ ಅಗಲವಾಗುತ್ತದೆ. ಅಲ್ಲಿಂದ ದೇವದಾರು ಕಾಡು ಶುರು. ಹರ್ಸಿಲ್‌ನಲ್ಲಿ ಇಳಿದು ನಿಂತರೆ ಮರಗಳ ವಾಸನೆಯೇ ಮೊದಲು ಬರುತ್ತದೆ. ನೆಟ್ಟಗೆ ಏರಿದ ಕಾಂಡಗಳು. ಅಡ್ಡಕ್ಕೆ ಚಾಚಿದ, ತಟ್ಟೆ ತಟ್ಟೆಯಾದ ಕೊಂಬೆಗಳು.

ಇಲ್ಲಿ ಯಾರನ್ನು ಕೇಳಿದರೂ ವಿಲ್ಸನ್ ಕಥೆ ಹೇಳುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯ ಬಿಟ್ಟು ಬಂದು ಈ ಕಣಿವೆಯಲ್ಲಿ ನೆಲೆ ನಿಂತ ಫ್ರೆಡರಿಕ್ ವಿಲ್ಸನ್, ಟೆಹ್ರಿಯ ರಾಜರಿಂದ ಕಾಡಿನ ಗುತ್ತಿಗೆ ಪಡೆದ. ದೇವದಾರುಗಳನ್ನು ಕಡಿಸಿ ಭಾಗೀರಥಿಯಲ್ಲಿ (ಇಲ್ಲಿ ಗಂಗೆಗೆ ಅದೇ ಹೆಸರು) ತೇಲಿಬಿಟ್ಟ. ದಿಮ್ಮಿಗಳು ಕೆಳಗಿನ ಬಯಲಿಗೆ ಹೋಗಿ ರೈಲು ಹಳಿಯ ಸ್ಲೀಪರ್‌ಗಳಾದವು. ಅವನು ದೊಡ್ಡ ಶ್ರೀಮಂತನಾದ. ಇಲ್ಲಿಯವರು ಅವನನ್ನು ಸೇಬು ತಂದವನು ಎಂದು ನೆನೆಯುತ್ತಾರೆ. ಹರ್ಸಿಲ್ ಸೇಬು ಇವತ್ತಿಗೂ ಈ ಊರುಗಳ ಜೀವನ, ಅದು ನಿಜ. ಆದರೆ ಉಳಿದಿರುವ ದೇವದಾರುಗಳ ಕೆಳಗೆ ನಿಂತು, ಹೋದವು ಎಷ್ಟಿದ್ದವೋ ಎಂದು ಯೋಚಿಸಿದಾಗ ನನಗೆ ಸಿಟ್ಟೇ ಬಂತು. ಈಗ ರಸ್ತೆ ಅಗಲ ಮಾಡಲು ಇಲ್ಲಿನ ಸಾವಿರಾರು ಮರಗಳಿಗೆ ಗುರುತು ಹಾಕಿದ್ದಾರೆ. ಜನ ಆ ಮರಗಳಿಗೆ ರಕ್ಷೆಯ ದಾರ ಕಟ್ಟಿ ಕಡಿಯಬೇಡಿ ಎಂದು ಕೇಳುತ್ತಿದ್ದಾರೆ. ಇಷ್ಟು ಕಡಿದಾದ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದಿರುವುದೇ ಬೇರು. ಮರ ಹೋದರೆ ರಸ್ತೆಯೂ ಉಳಿಯುವುದಿಲ್ಲ, ಅಲ್ವಾ?

ಹರ್ಸಿಲ್ ದಾಟಿದರೆ ಧರಾಲಿ. ಅಲ್ಲಿ ರಸ್ತೆ ಬದಿಯ ಅಂಗಡಿಯಲ್ಲಿ ಚಹಾ ಕುಡಿದು, ಕಲ್ಪ ಕೇದಾರ ದೇವಸ್ಥಾನ ನೋಡಿದೆವು. ಹಳೆಯ ಕಲ್ಲಿನ ಗುಡಿ. ಅದರ ಕೆಳಭಾಗ ನೆಲದೊಳಗೆ ಹೂತುಹೋಗಿತ್ತು. ಹಿಂದೆ ಯಾವಾಗಲೋ ಪ್ರವಾಹದಲ್ಲಿ ಮುಚ್ಚಿಹೋಗಿದ್ದನ್ನು ಅಗೆದು ತೆಗೆದದ್ದು ಎಂದು ಅಲ್ಲಿಯವರು ಹೇಳಿದರು. ಚಿಕ್ಕಪ್ಪ ಸುತ್ತ ನೋಡಿ, "ಈ ಊರು ಕೂತಿರುವ ಜಾಗವೇ ಆ ಹಳ್ಳ ತಂದು ಹಾಕಿದ ಕಲ್ಲು ಮಣ್ಣು" ಎಂದರು. 2025ರ ಆಗಸ್ಟ್ 5ರಂದು ಅದೇ ಹಳ್ಳ, ಖೀರ್ ಗಾಡ್, ಮೇಲಿನಿಂದ ಕೆಸರು ಬಂಡೆ ಹೊತ್ತು ಬಂದು ಧರಾಲಿಯ ಮೇಲೆ ಬಿತ್ತು. ಮನೆ, ಹೋಟೆಲು, ಸೇಬಿನ ತೋಟ, ಆ ಗುಡಿ, ಎಲ್ಲವೂ ಕೆಲವೇ ನಿಮಿಷದಲ್ಲಿ ಹೂತುಹೋದವು. ಜನರೂ ಹೋದರು. ಆ ವಿಡಿಯೋ ನೋಡಿದ ದಿನ ನಾವಿಬ್ಬರೂ ಫೋನಿನಲ್ಲಿ ಜಾಸ್ತಿ ಮಾತಾಡಲಿಲ್ಲ.

ಗಂಗೋತ್ರಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಗಾಳಿಗೆ ಮೈ ಒಗ್ಗಲಿ ಎಂದು ಒಂದು ದಿನ ಅಲ್ಲೇ ಉಳಿದೆವು. ಬಿಳಿ ಕಲ್ಲಿನ ದೇವಸ್ಥಾನವನ್ನು ಕಟ್ಟಿಸಿದ್ದು ಗೂರ್ಖಾ ಸೇನಾಪತಿ ಅಮರ್ ಸಿಂಗ್ ಥಾಪಾ. ದೀಪಾವಳಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಅಕ್ಷಯ ತೃತೀಯಕ್ಕೆ. ಚಳಿಗಾಲವಿಡೀ ಗಂಗಾಮಾತೆ ಕೆಳಗೆ ಹರ್ಸಿಲ್ ಹತ್ತಿರದ ಮುಖ್ಬಾ ಊರಿನಲ್ಲಿ ಇರುತ್ತಾಳೆ. ಸಂಜೆ ಆರತಿಗೆ ನಿಂತಿದ್ದಾಗ ನದಿಯ ಸದ್ದಿನಲ್ಲಿ ಗಂಟೆಯ ಸದ್ದೂ ಮುಳುಗಿಹೋಗುತ್ತಿತ್ತು.

ಗೋಮುಖದ ದಾರಿಗೆ ದಿನಕ್ಕೆ 150 ಜನರಿಗೆ ಮಾತ್ರ ಪರವಾನಗಿ. ಕನ್ಖೂ ಗೇಟಿನಲ್ಲಿ ಅದನ್ನು ನೋಡಿ, ನಮ್ಮ ಚೀಲದಲ್ಲಿದ್ದ ಪ್ಲಾಸ್ಟಿಕ್ ಬಾಟಲಿ, ಬಿಸ್ಕತ್ತಿನ ಪೊಟ್ಟಣಗಳನ್ನೂ ಲೆಕ್ಕ ಹಾಕಿ ಬರೆದುಕೊಂಡರು. ಒಳಗೆ ಒಯ್ದದ್ದನ್ನೆಲ್ಲ ವಾಪಸ್ ತಂದು ತೋರಿಸಬೇಕು. ಇದು ನನಗೆ ತುಂಬಾ ಹಿಡಿಸಿತು. ನಾವು ಹೋದ ದಾರಿಯುದ್ದಕ್ಕೂ ಕಸ ಕಡಿಮೆಯೇ ಇತ್ತು.

ದಾರಿ ಭಾಗೀರಥಿಯ ಬಲದಂಡೆಯ ಮೇಲೇ ಸಾಗುತ್ತದೆ. ಮೇಲಕ್ಕೆ ನಡೆಯುವಾಗ ನದಿ ಬಲಗಡೆ, ತುಂಬಾ ಕೆಳಗೆ. ಏರು ಹೆಚ್ಚಿಲ್ಲ, ಆದರೆ ಬಿಡುವೂ ಇಲ್ಲ. ಅಲ್ಲಲ್ಲಿ ಮೇಲಿನಿಂದ ಹಳ್ಳಗಳು ಇಳಿಯುತ್ತವೆ. ಎರಡು ದಿಮ್ಮಿ ಹಾಕಿ ಅದರ ಮೇಲೆ ಹಲಗೆ ಹೊಡೆದ ಸೇತುವೆಗಳು. ಬೆಳಿಗ್ಗೆ ಈ ಹಳ್ಳಗಳು ಸಣ್ಣಗೆ ಹರಿಯುತ್ತವೆ. ಬಿಸಿಲೇರಿ ಮೇಲಿನ ಹಿಮ ಕರಗಿ ಕೆಳಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಆಗ ಅದೇ ಹಳ್ಳ ಕಲ್ಲನ್ನು ಉರುಳಿಸುವಷ್ಟು ಜೋರಾಗಿರುತ್ತದೆ. ಬೇಗ ಹೊರಡಿ ಎಂದು ಎಲ್ಲರೂ ಹೇಳುವುದು ಇದಕ್ಕೇ.

9 ಕಿ.ಮೀ. ನಡೆದರೆ ಚೀರ್‌ಬಾಸಾ. ಸುತ್ತ ಪೈನ್ ಮರಗಳು, ಎದುರಿಗೆ ಭಾಗೀರಥಿ ಶಿಖರಗಳು. ಗಂಗೋತ್ರಿಯ ದೇವದಾರುಗಳು ಎಲ್ಲಿ ನಿಂತವು ಎಂದು ನಾನು ಗಮನಿಸಿರಲೇ ಇಲ್ಲ. ಚಿಕ್ಕಪ್ಪ ಗಮನಿಸಿದ್ದರು. "ಎತ್ತರ ಏರಿದ ಹಾಗೆ ಮೊದಲು ದೇವದಾರು ಬಿಡುತ್ತದೆ, ಆಮೇಲೆ ಪೈನ್ ಬಿಡುತ್ತದೆ. ಕೊನೆಗೆ ಜೊತೆಗೆ ಬರುವುದು ಭೂರ್ಜ ಒಂದೇ" ಎಂದರು. ನದಿಯ ಪಾತ್ರದಲ್ಲಿ ಮುಳ್ಳಿನ ಪೊದೆಗಳ ತುಂಬ ಕಿತ್ತಳೆ ಬಣ್ಣದ ಸಣ್ಣ ಹಣ್ಣುಗಳಿದ್ದವು.

ಚೀರ್‌ಬಾಸಾ ದಾಟಿದ ಮೇಲೆ ಗಿಲಾ ಪಹಾಡ್ ಎಂಬ ಜಾಗ ಬರುತ್ತದೆ. ಇಡೀ ಗುಡ್ಡ ಬಿಡಿ ಕಲ್ಲು, ಬಿಡಿ ಮಣ್ಣು. ಗಾಳಿ ಎದ್ದರೆ ಸಾಕು, ಮೇಲೆ ಕಾಡುಕುರಿಗಳು ಓಡಾಡಿದರೆ ಸಾಕು, ಕಲ್ಲು ಜಾರುತ್ತದೆ. ನಮ್ಮ ಸಾಮಾನು ಹೊತ್ತಿದ್ದ ನೇಪಾಳಿ ಹುಡುಗ ಅಲ್ಲಿ ನಿಂತು ಮೇಲೆ ನೋಡಿ, "ಅಂಕಲ್‌ಜಿ, ಇಲ್ಲಿ ಫೋಟೋ ಬೇಡ, ನಿಲ್ಲದೆ ಬನ್ನಿ" ಎಂದ. ಹಾಗೇ ನಡೆದೆವು. ಒಂದು ಕಲ್ಲು ನಮ್ಮ ಹಿಂದೆ ಸದ್ದು ಮಾಡುತ್ತ ನದಿಗೆ ಹೋಯಿತು.

ಗುಡ್ಡ ದಾಟಿ ಒಂದು ತಿರುವಿನಲ್ಲಿ ಚಿಕ್ಕಪ್ಪ ಕೂಗಿದರು: "ಬಾರೋ ಇಲ್ಲಿ! ಸಿಕ್ಕಿತು!"

ಬಿಳಿ ಕಾಂಡ, ಅದರಲ್ಲಿ ಸ್ವಲ್ಪ ಗುಲಾಬಿ. ಹಿಮದ ಭಾರಕ್ಕೆ ಬುಡದಲ್ಲೇ ಬಾಗಿ, ಆಮೇಲೆ ಮೇಲಕ್ಕೆ ತಿರುಗಿದ ಮರ. ಎಲೆಗಳು ಹಳದಿಯಾಗುತ್ತಿದ್ದವು. ತೊಗಟೆ ಪದರ ಪದರವಾಗಿ ತಾನೇ ಬಿಡಿಸಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು. ಕಾಗದ ಬರುವ ಮೊದಲು ಕಾಶ್ಮೀರದಿಂದ ಹಿಡಿದು ಇಡೀ ಹಿಮಾಲಯದ ಬದಿಯಲ್ಲಿ ಇದರ ಮೇಲೇ ಬರೆಯುತ್ತಿದ್ದರು. ದಕ್ಷಿಣದ ನಮಗೆ ತಾಳೆಗರಿ, ಅವರಿಗೆ ಭೂರ್ಜಪತ್ರ. ಚಿಕ್ಕಪ್ಪ ಮರದ ಮೇಲೆ ಅಂಗೈ ಇಟ್ಟುಕೊಂಡು ಸುಮ್ನೆ ನಿಂತರು. ತೊಗಟೆ ಕೀಳಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಚೂರನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಅಲ್ಲೇ ಇಟ್ಟರು.

ಮುಂದೆ ಭೋಜ್‌ಬಾಸಾ. ಗಂಗೋತ್ರಿಯಿಂದ 14 ಕಿ.ಮೀ., ಎತ್ತರ ಹತ್ತಿರ ಹತ್ತಿರ 3,800 ಮೀಟರ್. ಒಂದು ಕಾಲಕ್ಕೆ ಇಲ್ಲೆಲ್ಲ ಭೂರ್ಜದ ಕಾಡಿತ್ತು. ಈಗ ಬಯಲು. ಯಾತ್ರಿಕರು, ಚಹಾ ಅಂಗಡಿಗಳು, ಆಶ್ರಮಗಳು, ಶಿಖರ ಹತ್ತಲು ಬಂದ ತಂಡಗಳು, ಎಲ್ಲರ ಒಲೆಗೂ ಇದೇ ಮರ ಸೌದೆಯಾಯಿತು. ಈ ಎತ್ತರದಲ್ಲಿ ಮರ ಬೆಳೆಯುವುದು ವರ್ಷದ ಕೆಲವೇ ತಿಂಗಳು. ಒಂದು ರಾತ್ರಿಯ ಚಳಿ ಕಾಯಿಸಲು ಉರಿಸಿದ್ದು ಮತ್ತೆ ಬೆಳೆಯಲು ಒಂದು ತಲೆಮಾರು ಬೇಕು.

ಇದನ್ನು ನೋಡಿ ಸುಮ್ಮನಿರದ ಒಬ್ಬರ ಬಗ್ಗೆ ಹೇಳಲೇಬೇಕು. ಹರ್ಷವಂತಿ ಬಿಷ್ಟ್. 1981ರಲ್ಲಿ ನಂದಾದೇವಿ ಶಿಖರ ಹತ್ತಿದ ಮಹಿಳೆಯರಲ್ಲಿ ಒಬ್ಬರು, ಉತ್ತರಕಾಶಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು. 1989ರಲ್ಲಿ ಗಂಗೋತ್ರಿ ಉಳಿಸುವ ಕೆಲಸ ಶುರು ಮಾಡಿದರು. ಚೀರ್‌ಬಾಸಾದಲ್ಲಿ ಸಸಿಗಳ ನರ್ಸರಿ ಮಾಡಿ, ಭೋಜ್‌ಬಾಸಾದಲ್ಲಿ ಬೇಲಿ ಹಾಕಿ ಸಾವಿರಾರು ಭೂರ್ಜದ ಸಸಿ ನೆಟ್ಟರು. ಭೂಕುಸಿತ, ಹಿಮ, ಮೇಯುವ ಪ್ರಾಣಿಗಳು, ಎಲ್ಲವನ್ನೂ ದಾಟಿ ಅವುಗಳಲ್ಲಿ ಕೆಲವು ಉಳಿದಿವೆ. 2021ರಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆಯೂ ಅವರೇ. ಶಿಖರ ಹತ್ತಿದವರ ಹೆಸರು ನಮಗೆಲ್ಲ ಗೊತ್ತಿರುತ್ತದೆ. 3,800 ಮೀಟರ್‌ನಲ್ಲಿ ಮರ ಬೆಳೆಸುವುದು ಅದಕ್ಕಿಂತ ಸುಲಭ ಎಂದು ಆ ಬಯಲು ನೋಡಿದ ಮೇಲೆ ನನಗೆ ಅನಿಸುವುದಿಲ್ಲ.

ರಾತ್ರಿ ಚಳಿ ಜೋರಿತ್ತು. ಬಿಸಿ ಖಿಚಡಿ ತಿಂದು ಇರುವ ಬಟ್ಟೆಯನ್ನೆಲ್ಲ ಹಾಕಿಕೊಂಡು ಮಲಗಿದೆವು. ಬೆಳಿಗ್ಗೆ ಎದ್ದು ಹೊರಗೆ ಬಂದರೆ ನೀಲಿ ಕುರಿಗಳ ಹಿಂಡು. ಇಲ್ಲಿಯವರು ಭರಲ್ ಎನ್ನುತ್ತಾರೆ. ಬಂಡೆಯ ಬಣ್ಣವೇ ಅವುಗಳ ಬಣ್ಣ, ಅಲ್ಲಾಡಿದಾಗಲೇ ಕಣ್ಣಿಗೆ ಬೀಳುವುದು. ಇವುಗಳ ಹಿಂದೆಯೇ ಹಿಮಚಿರತೆಯೂ ಇದೇ ಬೆಟ್ಟಗಳಲ್ಲಿ ಅಲೆಯುತ್ತದೆ. ನಮಗೆ ಕಾಣಲಿಲ್ಲ, ಆದರೆ ಅದು ಇರುವ ಜಾಗದಲ್ಲಿ ನಡೆಯುತ್ತಿದ್ದೇವೆ ಎಂಬುದೇ ದೊಡ್ಡದು.

ಭೋಜ್‌ಬಾಸಾದಿಂದ ಗೋಮುಖಕ್ಕೆ ಇನ್ನು 4 ಕಿ.ಮೀ. ದಾರಿ ಬರೀ ಬಂಡೆ. ಸ್ವಲ್ಪ ಹೋದ ಮೇಲೆ ನದಿಯಾಚೆ ಶಿವಲಿಂಗ ಶಿಖರ ತಲೆಯೆತ್ತುತ್ತದೆ. 6,543 ಮೀಟರ್. 1974ರಲ್ಲಿ ಇಂಡೋ-ಟಿಬೆಟನ್ ಗಡಿ ಪೊಲೀಸರ ತಂಡ ಮೊದಲು ಹತ್ತಿದ್ದು. ಬೆಳಗಿನ ಬಿಸಿಲು ಅದರ ತುದಿಗೆ ಬಿದ್ದಾಗ ಚಿಕ್ಕಪ್ಪ ಕೈ ಮುಗಿದರು, ನಾನೂ ಮುಗಿದೆ.

ಹಿಮನದಿ ಎಂದರೆ ಬೆಳ್ಳಗೆ ಇರುತ್ತದೆ ಎಂದುಕೊಂಡು ಹೋಗುವವರೇ ಜಾಸ್ತಿ. ಗಂಗೋತ್ರಿ ಹಿಮನದಿ ಬೂದು ಬಣ್ಣದ್ದು. 7,138 ಮೀಟರ್ ಎತ್ತರದ ಚೌಖಂಬಾದ ಬುಡದಿಂದ ಹೊರಟು, ಬಿದ್ದ ಹಿಮ ಒತ್ತಿ ಒತ್ತಿ ಮಂಜುಗಡ್ಡೆಯಾಗಿ, ತನ್ನ ಭಾರಕ್ಕೆ ತಾನೇ ಜಾರುತ್ತ ಸುಮಾರು 30 ಕಿ.ಮೀ. ಬರುತ್ತದೆ. ದಾರಿಯುದ್ದಕ್ಕೂ ಎರಡೂ ಕಡೆಯ ಬೆಟ್ಟಗಳು ಅದರ ಮೇಲೆ ಕಲ್ಲು ಸುರಿಯುತ್ತವೆ. ಹಾಗಾಗಿ ಮೇಲಿನಿಂದ ನೋಡಿದರೆ ಕಲ್ಲಿನ ರಾಶಿ. ಮೂತಿಯ ಹತ್ತಿರ, ಸೀಳಿದ ಜಾಗದಲ್ಲಿ ಮಾತ್ರ ಒಳಗಿನ ನೀಲಿ ಕಾಣುತ್ತದೆ. ಅದರ ಬುಡದಿಂದ ಭಾಗೀರಥಿ ಹೊರಗೆ ಬರುತ್ತಾಳೆ, ಹುಟ್ಟುವಾಗಲೇ ಪೂರ್ತಿ ನದಿಯಾಗಿ. ನೀರೂ ಬೂದು. ಮಂಜುಗಡ್ಡೆ ತನ್ನಡಿಯ ಬಂಡೆಯನ್ನು ಬೀಸುವ ಕಲ್ಲಿನ ಹಾಗೆ ಅರೆದ ಪುಡಿ ಅದರಲ್ಲಿ ಬೆರೆತಿರುತ್ತದೆ. ಗಂಗಾ ಬಯಲಿನ ಹೊಲಗಳಿಗೆ ಹೋಗುವ ಮಣ್ಣಿನ ಒಂದು ಪಾಲು ಇಲ್ಲಿಯ ಈ ಪುಡಿಯೇ.

ತೀರಾ ಹತ್ತಿರ ಹೋಗಲು ಬಿಡುವುದಿಲ್ಲ, ಹೋಗಲೂಬಾರದು. 2016ರ ಜುಲೈನಲ್ಲಿ ಗೋಮುಖದ ದೊಡ್ಡ ಭಾಗ ಕುಸಿದು, ಮಂಜುಗಡ್ಡೆಯ ತುಂಡುಗಳು ಗಂಗೋತ್ರಿಯವರೆಗೂ ತೇಲಿ ಬಂದಿದ್ದವು. ಮರುವರ್ಷ ಪಕ್ಕದ ಮೇರು ಹಿಮನದಿಯ ಕಡೆಯಿಂದ ಬಂದ ಕಲ್ಲುಮಣ್ಣು ಗೋಮುಖದ ಮುಂದಿನ ಆಕಾರವನ್ನೇ ಬದಲಿಸಿತು. ನಾವು ದೂರದಲ್ಲಿ ಕೂತು ನೋಡಿದೆವು. ಆಗಾಗ ಒಳಗಿನಿಂದ ಬಿರಿಯುವ ಸದ್ದು ಬರುತ್ತಿತ್ತು. ಅದಾದ ಮೇಲೆ ಕಲ್ಲುಗಳು ನೀರಿಗೆ ಬೀಳುತ್ತಿದ್ದವು.

1935ರಲ್ಲಿ ಭೂವಿಜ್ಞಾನ ಸಮೀಕ್ಷಾ ಇಲಾಖೆಯ ಜಾನ್ ಆಡೆನ್ ಇದರ ನಕ್ಷೆ ಮಾಡಿದ್ದರು. ಆಗ ಮೂತಿ ಇದ್ದ ಜಾಗಕ್ಕೂ ಈಗಿನದಕ್ಕೂ ಒಂದೂವರೆ ಕಿ.ಮೀ.ಗಿಂತ ಹೆಚ್ಚು ಅಂತರವಿದೆ. ಅಂದರೆ ಭೋಜ್‌ಬಾಸಾ ಬಿಟ್ಟ ಮೇಲೆ ನಾವು ನಡೆದ ಬಂಡೆಗಳಲ್ಲಿ ಬಹಳಷ್ಟರ ಮೇಲೆ ಆಗ ಮಂಜುಗಡ್ಡೆ ಇತ್ತು. ಎರಡೂ ಬದಿಯಲ್ಲಿ ಗೋಡೆಯಂತೆ ನಿಂತ ಕಲ್ಲುಮಣ್ಣಿನ ಏರಿಗಳೂ ಅದನ್ನೇ ತೋರಿಸುತ್ತವೆ. ಹಿಮನದಿ ಹಿಂದೆ ಎಷ್ಟು ಎತ್ತರಕ್ಕೆ ತುಂಬಿತ್ತು ಎಂಬುದಕ್ಕೆ ಅವೇ ಗುರುತು. ಈಗಿನ ಮಂಜುಗಡ್ಡೆ ಅವುಗಳಿಂದ ಎಷ್ಟೋ ಕೆಳಗಿದೆ. ಚಿಕ್ಕಪ್ಪ ಬಹಳ ಹೊತ್ತು ಆ ಏರಿಗಳನ್ನೇ ನೋಡುತ್ತಿದ್ದರು. "ಕೆಳಗಿನಿಂದ ಕಾಡು ಹೋಯಿತು, ಮೇಲಿನಿಂದ ಹಿಮ ಹೋಗುತ್ತಿದೆ. ಕಾಡನ್ನಾದರೂ ಮತ್ತೆ ನೆಡಬಹುದು" ಎಂದರು.

ವಾಪಸ್ ಬರುವಾಗ ಗರ್ತಾಂಗ್ ಗಲಿಯನ್ನೂ ನೋಡಿದೆವು. ಇದೂ ಉದ್ಯಾನದೊಳಗೇ, ಜಾಡ್ ಗಂಗೆಯ ಕಣಿವೆಯಲ್ಲಿದೆ. ಕಡಿದಾದ ಬಂಡೆಯನ್ನು ಕೊರೆದು ಅದಕ್ಕೆ ಅಂಟಿಸಿದಂತೆ ಕಟ್ಟಿದ ಮರದ ಮೆಟ್ಟಿಲ ದಾರಿ. ಟಿಬೆಟ್ ಜೊತೆ ವ್ಯಾಪಾರಕ್ಕೆ ಪೇಶಾವರದ ಪಠಾಣರು ಮಾಡಿದ್ದು ಎನ್ನುತ್ತಾರೆ. 1962ರ ಯುದ್ಧದ ನಂತರ ಮುಚ್ಚಿದ್ದನ್ನು ದುರಸ್ತಿ ಮಾಡಿ 2021ರಲ್ಲಿ ತೆರೆದರು. ಆ ಯುದ್ಧದಲ್ಲೇ ಮೇಲಿನ ನೇಲಾಂಗ್, ಜಾದುಂಗ್ ಊರಿನವರನ್ನು ಕೆಳಗೆ ಕಳಿಸಿದ್ದರು. ತಲೆ ಸುತ್ತುವವರು ಗೋಡೆ ಹಿಡಿದೇ ನಡೆಯಬೇಕು.

ಹೋಗುವ ಮನಸ್ಸಿದ್ದವರಿಗೆ: ಉದ್ಯಾನದ ಗೇಟು ಏಪ್ರಿಲ್ 1ರಿಂದ ನವೆಂಬರ್ 30ರವರೆಗೆ ತೆರೆದಿರುತ್ತದೆ. ಮೇ-ಜೂನ್ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯದು. ಮಳೆಗಾಲದಲ್ಲಿ ಬೇಡವೇ ಬೇಡ. ಪರವಾನಗಿಯನ್ನು ಮೊದಲೇ ಮಾಡಿಸಿ. ಗಂಗೋತ್ರಿಯಲ್ಲಿ ಒಂದು ದಿನ ಉಳಿಯದೆ ಮೇಲೆ ಹೋಗಬೇಡಿ, ಭೋಜ್‌ಬಾಸಾದಲ್ಲಿ ತಲೆನೋವು, ವಾಕರಿಕೆ ಜಾಸ್ತಿಯಾದರೆ ಗೋಮುಖದ ಆಸೆ ಬಿಟ್ಟು ಕೆಳಗೆ ಇಳಿಯಿರಿ. ಗೈಡ್ ಬೇಕಿದ್ದರೆ ಆ ಕಣಿವೆಯ ಊರಿನವರನ್ನೇ ಕರೆದುಕೊಂಡು ಹೋಗಿ. ಧರಾಲಿಯ ನಂತರ ಅವರಿಗೆ ಕೆಲಸ ಬೇಕಿದೆ.