ಗಿಡ್ಡ ಟ್ರೌಟ್, ತೆಳ್ಳನೆ ಟ್ರೌಟ್: ಕುಡಿಯುವ ನೀರಿನ ಜಲಾಶಯದಲ್ಲಿ ಮೀನೆಣಿಕೆ

ಲೇಕ್ ಟ್ರೌಟ್ ಎಂಬ ತಣ್ಣೀರಿನ ಮೀನು ಇರುವ ಜಲಾಶಯಗಳಲ್ಲಿ ಗಾಳ ಹಾಕುವವರಿಂದ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ: ಮೊದಲಿನ ಹಾಗೆ ದೊಡ್ಡ ಮೀನು ಸಿಗುತ್ತಿಲ್ಲ, ಮೀನು ಖಾಲಿಯಾಗಿದೆ, ಮರಿ ತಂದು ಬಿಡಿ. ಇದರ ಮೊದಲರ್ಧ ನಿಜವಿರಬಹುದು. ಉಳಿದರ್ಧ ಬಹಳ ಸಲ ತಲೆಕೆಳಗು. ಮೀನು ಬೆಳೆಯುತ್ತಿಲ್ಲವೆಂದರೆ ತಿನ್ನುವ ಬಾಯಿ ಜಾಸ್ತಿಯಾಗಿ ಮೇವು ಸಾಲುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಅಂಥ ನೀರಿಗೆ ಮತ್ತೆ ಮರಿ ಬಿಟ್ಟರೆ ಇರುವ ಮೀನು ಇನ್ನೂ ಬಡಕಲಾಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಗಾತ್ರ ಮತ್ತು ಸಂಖ್ಯೆ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವಂತಿಲ್ಲ.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕ್ವಾಬಿನ್ ಮತ್ತು ವಾಚುಸೆಟ್ ಜಲಾಶಯಗಳಂಥ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು. ಬಾಸ್ಟನ್ ಮತ್ತು ಸುತ್ತಲಿನ ಊರುಗಳು ಕುಡಿಯುವುದು ಇದೇ ನೀರನ್ನು. ಕ್ವಾಬಿನ್‌ನ ಸಾಮರ್ಥ್ಯ 412 ಬಿಲಿಯನ್ ಗ್ಯಾಲನ್. ನಮ್ಮ ಲೆಕ್ಕದಲ್ಲಿ ಅದು ಸುಮಾರು 55 ಟಿಎಂಸಿ, ಕೆಆರ್‌ಎಸ್‌ನ 49.45 ಟಿಎಂಸಿಗಿಂತ ತುಸು ಹೆಚ್ಚು. ವಾಚುಸೆಟ್ 65 ಬಿಲಿಯನ್ ಗ್ಯಾಲನ್, ಅಂದರೆ 9 ಟಿಎಂಸಿಗೂ ಕಡಿಮೆ. ಕ್ವಾಬಿನ್‌ಗಾಗಿ ಡೇನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರುಗಳನ್ನು 1938ರಲ್ಲಿ ದಾಖಲೆಯಿಂದಲೇ ಅಳಿಸಿದರು. ಜಲಾಶಯ ತುಂಬಿದ್ದು 1946ರಲ್ಲಿ. (ಲಿಂಗನಮಕ್ಕಿ ಕಡೆಯವರಿಗೆ ಮುಳುಗಡೆಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ.) ಕೆಆರ್‌ಎಸ್‌ನಲ್ಲಿ ಈ ಮೀನು ಒಂದು ಬೇಸಿಗೆಯನ್ನೂ ದಾಟಲಾರದು. ಅದಕ್ಕೆ ಬೇಸಿಗೆಯಲ್ಲೂ 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ, ಲೀಟರಿಗೆ 6 ಮಿಲಿಗ್ರಾಂ ಅಥವಾ ಹೆಚ್ಚು ಆಮ್ಲಜನಕವಿರುವ ಆಳದ ನೀರು ಬೇಕು.

ಈ ಎರಡೂ ಜಲಾಶಯಗಳಲ್ಲಿ ಲೇಕ್ ಟ್ರೌಟ್ ತಾನಾಗಿಯೇ ಸಂತಾನ ಬೆಳೆಸಿಕೊಂಡು ಬಂದಿದೆ. ಕ್ವಾಬಿನ್‌ಗೆ ತಂದು ಬಿಡುವುದು ಸಾಲ್ಮನ್ ಮರಿಗಳನ್ನು. ಇನ್ನೊಂದು ವಿಷಯ, ಇಲ್ಲಿನ ನೀರಿಗೆ ಮರಳಿನ ಸೋಸುವಿಕೆ ಇಲ್ಲ. ಸಂಸ್ಕರಣೆ ಮುಖ್ಯವಾಗಿ ಓಝೋನ್ ಮತ್ತು ಅತಿನೇರಳೆ ಕಿರಣದಿಂದ. ಅಂದಮೇಲೆ ಮೀನಿನ ಕೆಲಸಕ್ಕೆ ಇಳಿಯುವ ಬೋಟೂ ನೀರಿನ ನಿಯಮಕ್ಕೆ ಒಳಪಟ್ಟಿದ್ದೇ. ಇಂಧನ ತುಂಬಿಸುವುದನ್ನು ದಡದಲ್ಲೇ ಮುಗಿಸಬೇಕು, ಎಣ್ಣೆ ಹೀರುವ ಹಾಳೆಗಳು ಕೈಗೆಟುಕುವಂತಿರಬೇಕು. ಬೇರೆ ಕೆರೆಗೆ ಹೋಗಿಬಂದ ಬಲೆ, ಬೂಟು, ಬಕೆಟ್ ಒಂದನ್ನೂ ತೊಳೆದು ಒಣಗಿಸದೆ ಇಳಿಸಬಾರದು. ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಒಮ್ಮೆ ಸೇರಿಕೊಂಡರೆ ನೀರೆತ್ತುವ ಕೊಳವೆಯೊಳಗೇ ಮನೆಮಾಡುತ್ತದೆ.

ಎಣಿಕೆಗೆ ಸರಿಯಾದ ಕಾಲ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ವರ್ಷವಿಡೀ ಆಳದಲ್ಲಿ ಚದುರಿರುವ ಮೀನು ಆಗ ಮೊಟ್ಟೆಯಿಡಲು ದಡದ ಹತ್ತಿರದ ಕಲ್ಲುಗುಡ್ಡೆಗಳಿಗೆ ಬರುತ್ತದೆ, ಅದೂ ರಾತ್ರಿ. ಇದು ಗೂಡು ತೋಡುವ ಮೀನಲ್ಲ. ಮುಷ್ಟಿಯಿಂದ ತಲೆಯಷ್ಟು ಗಾತ್ರದ ಕಲ್ಲುಗಳ ಮೇಲೆ ಮೊಟ್ಟೆ ಚೆಲ್ಲುತ್ತದೆ, ಅವು ಸಂದಿಗಳಿಗೆ ಇಳಿದು ಚಳಿಗಾಲವಿಡೀ ಅಲ್ಲೇ ಇರುತ್ತವೆ. ಕಲ್ಲಿನ ನಡುವೆ ಕೆಸರು ತುಂಬಿದ್ದರೆ ಆ ಗುಡ್ಡೆ ಮೊಟ್ಟೆಗೆ ನಿಷ್ಪ್ರಯೋಜಕ, ಎಷ್ಟೇ ಮೀನು ಬಂದರೂ.

ಕತ್ತಲಾದ ಮೇಲೆ ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಹಾಕಿ, 15ರಿಂದ 30 ನಿಮಿಷದೊಳಗೆ ಎತ್ತಿಬಿಡಬೇಕು. ಮೀನನ್ನು ಜೀವಂತ ಬಿಡುವ ಕೆಲಸವಿದು. ಒಂದು ಗಂಟೆ ಬಿಟ್ಟರೆ ಕಿವಿರು ಕಟ್ಟಿ ಸಾಯಬಹುದು. ಸಿಕ್ಕಿದ ಮೀನನ್ನು ಬಲೆಯಿಂದ ಎಳೆಯಬೇಡಿ. ಬಲೆಯ ಕಣ್ಣನ್ನು ಕೊಕ್ಕೆಯಿಂದ ಬಿಡಿಸಿ, ಹಲ್ಲಿಗೆ ಸಿಕ್ಕಿಹಾಕಿಕೊಂಡಿದ್ದರೆ ದಾರವನ್ನೇ ಕತ್ತರಿಸಿ. ತೊಟ್ಟಿಯ ನೀರನ್ನು ಪ್ರತಿ ಬಲೆಗೂ ಬದಲಿಸಿ. ಅರಿವಳಿಕೆ ಇಲ್ಲದೆಯೇ ಒದ್ದೆ ಕೈಯಲ್ಲಿ ಬೇಗ ಮುಗಿಸುವುದು ಉತ್ತಮ: ಎಂಎಸ್-222 ಎಂಬ ಅರಿವಳಿಕೆ ಬಳಸಿದರೆ ಆ ಮೀನು 21 ದಿನ ಯಾರ ತಟ್ಟೆಗೂ ಹೋಗುವಂತಿಲ್ಲ, ಬಿಟ್ಟ ಮೀನಿಗೆ ಕಾವಲು ಇಡಲೂ ಆಗುವುದಿಲ್ಲ.

ಪ್ರತಿ ಮೀನಿಗೂ ಮೊದಲು ಟ್ಯಾಗ್ ಓದುವ ರೀಡರ್ ಹಿಡಿಯಬೇಕು. ಹಳೆಯ ಪಿಟ್ ಟ್ಯಾಗ್ (ಮೈಯೊಳಗೆ ಚುಚ್ಚಿಡುವ, ಸಂಖ್ಯೆಯಿರುವ ಪುಟ್ಟ ಚಿಪ್) ಇದೆಯೇ ಎಂದು ನೋಡದೆ ಹೊಸದು ಚುಚ್ಚಿದರೆ ವರ್ಷಗಳ ಬೆಳವಣಿಗೆಯ ಮಾಹಿತಿ ಅಲ್ಲೇ ಗೊಂದಲಕ್ಕೆ ಬೀಳುತ್ತದೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ 12 ಮಿಮೀ ಟ್ಯಾಗ್ ಸಾಕು. ಜೊತೆಗೆ ಒಂದು ಈಜುರೆಕ್ಕೆಯ ತುದಿ ಕತ್ತರಿಸಿಡಿ. ಮುಂದಿನ ಸಲ ರೆಕ್ಕೆ ಗುರುತು ಇದ್ದು ಟ್ಯಾಗ್ ಸಿಗದಿದ್ದರೆ ಟ್ಯಾಗ್ ಉದುರಿದೆ ಎಂದು ಗೊತ್ತಾಗುತ್ತದೆ. ಹೊಟ್ಟೆ ಮೆಲ್ಲಗೆ ಒತ್ತಿದಾಗ ಬರುವುದು ಮೊಟ್ಟೆಯೋ ವೀರ್ಯವೋ ನೋಡಿ ಹೆಣ್ಣು, ಗಂಡು ಎಂದು ಬರೆದುಕೊಳ್ಳಿ.

ಉದ್ದದ ಅಳತೆಯಲ್ಲೇ ಅರ್ಧ ತಕರಾರು ಹುಟ್ಟುವುದು. ಲೇಕ್ ಟ್ರೌಟ್‌ನ ಬಾಲ ಆಳವಾಗಿ ಕವಲೊಡೆದಿರುತ್ತದೆ. ಬಾಲದ ಎರಡು ಎಸಳನ್ನು ಒತ್ತಿ ಹಿಡಿದು ತುದಿಯವರೆಗೆ ಅಳೆದರೆ ಒಂದು ಅಂಕಿ, ಕವಲಿನವರೆಗೆ ಅಳೆದರೆ ಹಲವು ಸೆಂಟಿಮೀಟರ್ ಕಡಿಮೆ. ಒಂದು ವರ್ಷ ಹಾಗೆ, ಮುಂದಿನ ವರ್ಷ ಹೀಗೆ ಅಳೆದ ತಂಡ ಮೀನು ಕುಗ್ಗಿದೆ ಎಂದು ವರದಿ ಬರೆಯುತ್ತದೆ. ಯಾವ ಅಳತೆ ಎಂಬುದನ್ನು ಹಾಳೆಯ ತಲೆಯ ಮೇಲೇ ಮುದ್ರಿಸಿಬಿಡಿ.

ತೂಕವಿಲ್ಲದ ಉದ್ದ ಹೆಚ್ಚೇನೂ ಹೇಳುವುದಿಲ್ಲ. ಲೇಕ್ ಟ್ರೌಟ್‌ಗೆ ಮಾನದಂಡದ ತೂಕದ ಸೂತ್ರ ಹೀಗಿದೆ: ಮಿಮೀನಲ್ಲಿರುವ ಒಟ್ಟು ಉದ್ದದ ಲಾಗರಿದಮ್ (ಹತ್ತರ ಆಧಾರ) ತೆಗೆದು 3.246ರಿಂದ ಗುಣಿಸಿ, 5.681 ಕಳೆದರೆ ಗ್ರಾಂನಲ್ಲಿರಬೇಕಾದ ತೂಕದ ಲಾಗರಿದಮ್ ಸಿಗುತ್ತದೆ. 500 ಮಿಮೀ ಮೀನು ಸುಮಾರು 1,200 ಗ್ರಾಂ, 600 ಮಿಮೀ ಮೀನು ಸುಮಾರು 2,170 ಗ್ರಾಂ ಇರಬೇಕು. 500 ಮಿಮೀನ ಮೀನು 960 ಗ್ರಾಂ ತೂಗಿದರೆ ಅದು ನೂರಕ್ಕೆ 80. ತಲೆ ದೊಡ್ಡದಾಗಿ, ಮೈ ಬತ್ತಿದ ಮೀನು. ಬೋಟು ಅಲುಗುವಾಗ ತಕ್ಕಡಿ 50 ಗ್ರಾಂ ಆಚೀಚೆ ಹೋದರೆ ಇಲ್ಲಿ ನೂರಕ್ಕೆ ನಾಲ್ಕು ವ್ಯತ್ಯಾಸ, ಹಾಗಾಗಿ ತೂಕ ಮಾಡುವುದನ್ನು ಗಾಳಿಮರೆಯ ದಡದಲ್ಲಿ ಮಾಡಬೇಕು. ಮೊಟ್ಟೆ ತುಂಬಿದ ಹೆಣ್ಣನ್ನೂ ಆಗಲೇ ಮೊಟ್ಟೆ ಚೆಲ್ಲಿದ ಹೆಣ್ಣನ್ನೂ ಒಂದೇ ಸರಾಸರಿಗೆ ಸೇರಿಸಬೇಡಿ. ವರ್ಷದಿಂದ ವರ್ಷಕ್ಕೆ ಹೋಲಿಸಲು ಗಂಡುಗಳ ತೂಕವೇ ವಿಶ್ವಾಸಾರ್ಹ.

ಬೆಳವಣಿಗೆಯ ವಿಷಯದಲ್ಲಿ ತಾಳ್ಮೆ ಬೇಕು. ಉದಾಹರಣೆಗೆ, 480 ಮಿಮೀಗೆ ಟ್ಯಾಗ್ ಹಾಕಿದ ಮೀನು ಮೂರು ವರ್ಷದ ಮೇಲೆ 489 ಬಂದರೆ ವರ್ಷಕ್ಕೆ 3 ಮಿಮೀ. ಅಳತೆ ಹಲಗೆಯ ತಪ್ಪೇ ಅಷ್ಟಿರುತ್ತದೆ. ಹಾಗಾಗಿ ಒಂದು ವರ್ಷದಲ್ಲಿ ಮರಳಿ ಸಿಕ್ಕ ಮೀನಿನಿಂದ ಬೆಳವಣಿಗೆಯ ತೀರ್ಮಾನ ಮಾಡಕೂಡದು. ಹುರುಪೆ ನೋಡಿ ವಯಸ್ಸು ಹೇಳುವುದೂ ಮೋಸ: ಮುದಿ ಮೀನಿನ ಹುರುಪೆಯಲ್ಲಿ ವಲಯಗಳು ಒತ್ತೊತ್ತಾಗಿ ಸೇರಿ, 20 ವರ್ಷದ್ದು 10 ವರ್ಷದ್ದಾಗಿ ಕಾಣುತ್ತದೆ. ನಿಖರ ವಯಸ್ಸು ಕಿವಿಗಲ್ಲಿನಲ್ಲಿದೆ, ಆದರೆ ಅದಕ್ಕೆ ಮೀನು ಸಾಯಬೇಕು. ಬಲೆಯಲ್ಲಿ ಅಕಸ್ಮಾತ್ ಸತ್ತವನ್ನು ಅದಕ್ಕೇ ಎಸೆಯದೆ ಇಟ್ಟುಕೊಳ್ಳುವುದು.

ಇನ್ನು ಸಂಖ್ಯೆ. ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿಯುವ ಲೆಕ್ಕಕ್ಕೆ ಚಾಪ್‌ಮನ್ ಸೂತ್ರ: ಗುರುತು ಹಾಕಿದ್ದಕ್ಕೆ ಒಂದು ಕೂಡಿ, ಎರಡನೆಯ ಸಲ ಹಿಡಿದದ್ದಕ್ಕೆ ಒಂದು ಕೂಡಿ, ಎರಡನ್ನೂ ಗುಣಿಸಿ, ಗುರುತಿನೊಂದಿಗೆ ಸಿಕ್ಕಿದ್ದಕ್ಕೆ ಒಂದು ಕೂಡಿ ಭಾಗಿಸಿ, ಕೊನೆಗೆ ಒಂದು ಕಳೆಯಿರಿ. 200ಕ್ಕೆ ಗುರುತು ಹಾಕಿ, ಮುಂದಿನ ಸಲ 180 ಹಿಡಿದು, ಅದರಲ್ಲಿ 11 ಗುರುತಿನವು ಎಂದುಕೊಳ್ಳಿ. ಉತ್ತರ ಸುಮಾರು 3,030. ಆದರೆ ಅದರ ಶೇ. 95ರ ವ್ಯಾಪ್ತಿ, ಅಂದರೆ ನಿಜವಾದ ಸಂಖ್ಯೆ ಇರಬಹುದಾದ ಎಲ್ಲೆ, ಸುಮಾರು 1,500ರಿಂದ 4,500ರವರೆಗೆ ಹರಡಿರುತ್ತದೆ. ಆ ವ್ಯಾಪ್ತಿ ಬಿಟ್ಟು 3,030 ಎಂದಷ್ಟೇ ಹೇಳಿದರೆ ಸುಳ್ಳು ಹೇಳಿದಂತೆ. ಮರಳಿ ಸಿಕ್ಕವು 7ಕ್ಕಿಂತ ಕಡಿಮೆ ಇದ್ದರೆ ಲೆಕ್ಕ ಮಾಡದಿರುವುದೇ ಲೇಸು.

ಈ ಸೂತ್ರಕ್ಕೆ ಗುರುತಿನ ಮೀನು ಉಳಿದವುಗಳೊಂದಿಗೆ ಚೆನ್ನಾಗಿ ಬೆರೆಯಬೇಕು. ಲೇಕ್ ಟ್ರೌಟ್ ಹಾಗೆ ಮಾಡುವುದಿಲ್ಲ, ಎಷ್ಟೋ ಮೀನುಗಳು ವರ್ಷವರ್ಷವೂ ಅದೇ ಗುಡ್ಡೆಗೆ ಬರುತ್ತವೆ. ಅದೇ ಗುಡ್ಡೆಯಲ್ಲೇ ಬಲೆ ಹಾಕಿ, 11ರ ಬದಲು 22 ಗುರುತಿನ ಮೀನು ಸಿಕ್ಕರೆ ಉತ್ತರ 1,580ಕ್ಕೆ ಇಳಿಯುತ್ತದೆ. ಜಲಾಶಯದಲ್ಲಿ ಒಂದು ಮೀನೂ ಕಡಿಮೆಯಾಗಿಲ್ಲ, ಎಣಿಕೆ ಮಾತ್ರ ಅರ್ಧಕ್ಕೆ ಕುಸಿದಿದೆ. ಅದಕ್ಕೆ ಗುರುತು ಹಾಕಿದ ಗುಡ್ಡೆಗಳಲ್ಲದೆ ಬೇರೆ ಗುಡ್ಡೆಗಳಲ್ಲೂ ಬಲೆ ಬೀಳಬೇಕು. ಗಂಡುಗಳು ಮೊದಲೇ ಬಂದು ಹೆಚ್ಚು ರಾತ್ರಿ ಅಲ್ಲೇ ಸುತ್ತುತ್ತವೆ, ಹೆಣ್ಣು ಮೊಟ್ಟೆ ಚೆಲ್ಲಿ ಹೊರಟುಹೋಗುತ್ತದೆ. ಕೆಲವು ಹೆಣ್ಣುಗಳು ಕೆಲ ವರ್ಷ ಬರುವುದೇ ಇಲ್ಲ. ಬಲೆಯಲ್ಲಿ ಹತ್ತು ಗಂಡಿಗೆ ಎರಡು ಹೆಣ್ಣು ಸಿಕ್ಕರೆ ಹೆಣ್ಣು ಮೀನಿನ ಬರ ಎಂದು ಗಾಬರಿಯಾಗಬೇಕಿಲ್ಲ. ಎಳೆಯ ಮೀನು ಈ ಗುಡ್ಡೆಗೆ ಬರುವುದೇ ಇಲ್ಲವಾದ್ದರಿಂದ ಇದು ಬಲಿತ ಮೀನಿನ ಎಣಿಕೆ ಮಾತ್ರ. ಎಳೆಯದೂ ಬೇಕಿದ್ದರೆ ಬೇಸಿಗೆಯಲ್ಲಿ ಆಳದ ತಣ್ಣನೆ ಪದರಗಳಲ್ಲಿ ಬೇರೆಬೇರೆ ಗಾತ್ರದ ಕಣ್ಣುಗಳಿರುವ ಬಲೆ ಹಾಕಬೇಕು.

ನೀರಿನ ಮಟ್ಟದ ವಿಷಯದಲ್ಲಿ ಜಲಮಂಡಳಿಯವರೊಂದಿಗೆ ಮಾತಾಡದೆ ಮೀನಿನವರ ಕೆಲಸ ಪೂರ್ತಿಯಾಗದು. ನವೆಂಬರಿನಲ್ಲಿ ಎರಡು ಮೀಟರ್ ಆಳದಲ್ಲಿ ಬಿದ್ದ ಮೊಟ್ಟೆ, ಜನವರಿಯಲ್ಲಿ ಮಟ್ಟ ಮೂರು ಮೀಟರ್ ಇಳಿದರೆ ಹಿಮಗಾಳಿಗೆ ಒಡ್ಡಿಕೊಂಡು ಸಾಯುತ್ತದೆ. ಆ ವರ್ಷದ ಮರಿ ಇಲ್ಲದ್ದು ಬಲೆಗೆ ಕಾಣುವುದು ಐದಾರು ವರ್ಷದ ಮೇಲೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಇಳಿಸಲೇಬೇಕಿದ್ದರೆ ಅಕ್ಟೋಬರಿಗೆ ಮುಂಚೆ ಇಳಿಸಿ, ಚಳಿಗಾಲದಲ್ಲಿ ಹಾಗೇ ಹಿಡಿದಿಟ್ಟುಕೊಳ್ಳುವುದು ವಾಸಿ. ಮೀನು ಕೆಳಗಿನ ಕಲ್ಲಿನಲ್ಲಿ ಮೊಟ್ಟೆಯಿಡುತ್ತದೆ. ಎಣಿಕೆಯ ಹಾಳೆಯ ಪಕ್ಕದಲ್ಲೇ ತಿಂಗಳ ನೀರಿನ ಮಟ್ಟ ಬರೆದಿಡಿ.

ಮೇವಿನ ಮಾತು ಬಂದಾಗ ಈ ಜಲಾಶಯಗಳಲ್ಲಿ ಸ್ಮೆಲ್ಟ್ ಎಂಬ ಬೆರಳುದ್ದದ ಮೀನು ಮುಖ್ಯ. ಸ್ಮೆಲ್ಟ್ ಒಂದೆರಡು ವರ್ಷ ಕುಸಿದರೆ ಟ್ರೌಟ್ ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ ಅಷ್ಟೆ. ಕನಿಷ್ಠ ಉದ್ದದ ನಿಯಮ ಅಡ್ಡ ಪರಿಣಾಮ ಮಾಡುವುದು ಅಂಥಲ್ಲಿ. 18 ಇಂಚಿನ ಮಿತಿ ಇಟ್ಟುಕೊಳ್ಳಿ, ಅಂದರೆ 457 ಮಿಮೀ. ವರ್ಷಕ್ಕೆ ಕೆಲವೇ ಮಿಮೀ ಬೆಳೆಯುವ ಮೀನು ಆ ಗೆರೆಯ ಕೆಳಗೆ ಗುಂಪುಗಟ್ಟಿ ನಿಲ್ಲುತ್ತದೆ, ಗೆರೆ ದಾಟಿದ್ದು ತಟ್ಟೆಗೆ ಹೋಗುತ್ತದೆ. ಉದ್ದದ ಪಟ್ಟಿ ಮಾಡಿದರೆ 430–455ರ ಹತ್ತಿರ ಗುಡ್ಡ, ಆಮೇಲೆ ಜಾರು. ಅಲ್ಲಿ ಮಿತಿ ಏರಿಸಿದರೆ ಗುಡ್ಡ ಇನ್ನೂ ಎತ್ತರವಾಗುತ್ತದೆ. ಕೆಲವು ಸಣ್ಣ ಮೀನನ್ನೂ ಒಯ್ಯಲು ಬಿಟ್ಟು ದೊಡ್ಡವನ್ನು ಉಳಿಸುವ ನಿಯಮವೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ, ಗಾಳದವರಿಗೆ ಒಪ್ಪಿಸುವುದು ಕಷ್ಟ.

ಅದರಲ್ಲೂ ಪಾದರಸದ ವಿಚಾರವಿದೆ. ಎರಡೂ ಜಲಾಶಯದ ಮೀನಿಗೆ ಆರೋಗ್ಯ ಇಲಾಖೆಯ ಸೇವನೆ ಎಚ್ಚರಿಕೆ ಇದೆ. ನೀರು ಕುಡಿಯಲು ಯೋಗ್ಯವೇ, ಏಕೆಂದರೆ ನೀರಿನಲ್ಲಿರುವ ಅಂಶ ಅತ್ಯಲ್ಪ. ಆದರೆ ಪ್ಲವಕ ಎಂಬ ತೇಲುವ ಸೂಕ್ಷ್ಮಜೀವಿಗಳಿಂದ ಸ್ಮೆಲ್ಟ್‌ಗೆ, ಸ್ಮೆಲ್ಟ್‌ನಿಂದ ಟ್ರೌಟ್‌ಗೆ ಹೋಗುವಾಗ ಅದು ಹಲವು ಪಟ್ಟು ಕೂಡುತ್ತಾ ಹೋಗುತ್ತದೆ. ನಿಧಾನ ಬೆಳೆದ 500 ಮಿಮೀ ಮೀನು ಬೇಗ ಬೆಳೆದ ಅದೇ ಉದ್ದದ್ದಕ್ಕಿಂತ ಎಷ್ಟೋ ವರ್ಷ ಹೆಚ್ಚು ತಿಂದಿರುತ್ತದೆ. ಹಾಗಾಗಿ ಪಾದರಸದ ಮಾದರಿಗೆ ಮಾಂಸ ಕಳಿಸುವಾಗ ಉದ್ದದ ಜೊತೆ ವಯಸ್ಸು ಮತ್ತು ಟ್ಯಾಗ್ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆಯಿರಿ. ಉದ್ದವೊಂದನ್ನೇ ಬರೆದ ಚೀಟಿಯಿಂದ ಪ್ರಯೋಗಾಲಯದವರು ಎರಡು ಜಲಾಶಯಗಳನ್ನು ಹೋಲಿಸಲಾರರು.