1.8 ಸೆಕೆಂಡಿನ ಸಂಗೀತ

ನಿಮಿಷಕ್ಕೆ 33⅓ ಸುತ್ತು ತಿರುಗುವ ರೆಕಾರ್ಡಿಗೆ ಒಂದು ಸುತ್ತು ಮುಗಿಸಲು ಸರಿಯಾಗಿ 1.8 ಸೆಕೆಂಡು ಬೇಕು. ಅಷ್ಟರಲ್ಲಿ ನಾಲ್ಕು ಪೆಟ್ಟು ಕೂರಿಸಿದರೆ ವೇಗ 133.33 ಬಿಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಪೆಟ್ಟು. ಯಂತ್ರಗಳಿಂದ ಹುಟ್ಟಿದ ಕುಣಿತದ ಸಂಗೀತ ಟೆಕ್ನೋಗೆ ಹೇಳಿ ಮಾಡಿಸಿದಂಥ ವೇಗ, ಹೇಳಿ ಮಾಡಿಸಿದ್ದು ಮಾತ್ರ ಯಾರೂ ಅಲ್ಲ. ರೆಕಾರ್ಡಿನ ವೇಗ ನಿಗದಿಯಾದಾಗ ಟೆಕ್ನೋದ ಸುಳಿವೇ ಇರಲಿಲ್ಲ. ಅದರಲ್ಲೇ ಆದಷ್ಟು ಕಡಿಮೆ ವಾದ್ಯ, ಸ್ವರಗಳಲ್ಲಿ ನಡೆಯುವ ಮಿನಿಮಲ್ ಟೆಕ್ನೋ ಶುರು ಮಾಡಿದ್ದು ಯಾರು ಎಂದು ಜಗಳಕ್ಕೆ ಕೂರುವವರು ಹೆಸರುಗಳ ಪಟ್ಟಿ ಹಿಡಿದು ಬರುತ್ತಾರೆ, ಈ 1.8 ಸೆಕೆಂಡನ್ನು ಮರೆಯುತ್ತಾರೆ.

ಮಾಮೂಲಿ ರೆಕಾರ್ಡಿನ ಗೆರೆ ಹೊರಗಿನಿಂದ ಒಳಕ್ಕೆ ಸಾಗುವ ಸುರುಳಿ. ಲಾಕ್ಡ್ ಗ್ರೂವ್ ಅಂದರೆ ತನ್ನ ಬಾಲವನ್ನೇ ಕಚ್ಚಿಕೊಂಡ ಉಂಗುರ. ಸೂಜಿ ಅದರೊಳಗೆ ಇಳಿದರೆ ಡಿಜೆ ಕೈಯಾರೆ ಎತ್ತುವವರೆಗೂ ಅದೇ ನಾಲ್ಕು ಪೆಟ್ಟು. ಜೆಫ್ ಮಿಲ್ಸ್ 1994ರಲ್ಲಿ ತಮ್ಮ ಆಕ್ಸಿಸ್ ಲೇಬಲಿನಿಂದ ತಂದ 'ಸೈಕಲ್ 30'ರಲ್ಲಿ ಇಂಥ ಉಂಗುರಗಳಿವೆ. ಹಾಡು ಅನ್ನುವುದನ್ನು ಇದಕ್ಕಿಂತ ಸಣ್ಣದು ಮಾಡಲು ಸಾಧ್ಯವೇ ಇಲ್ಲ. ಮಿಲ್ಸ್ ಹೆಸರು ಎಲ್ಲರಿಗೂ ಗೊತ್ತು. ಉಂಗುರ ಕೊರೆದ ಕೈ ರಾನ್ ಮರ್ಫಿಯದು. ಡೆಟ್ರಾಯ್ಟಿನಲ್ಲಿ ನ್ಯಾಷನಲ್ ಸೌಂಡ್ ಕಾರ್ಪೊರೇಷನ್ ಹೆಸರಿನಲ್ಲಿ ಆ ಊರಿನ ಟೆಕ್ನೋ ರೆಕಾರ್ಡುಗಳನ್ನು ಕೊರೆದುಕೊಟ್ಟ ಅವರು 2008ರಲ್ಲಿ ತೀರಿಕೊಂಡರು.

ಕೊರೆಯುವುದು ಸಲೀಸು ಕೆಲಸ ಅಂದುಕೊಳ್ಳಬೇಡಿ. ಗೆರೆ ಕೊರೆಯುವ ಯಂತ್ರವಾದ ಲೇತಿನ ತಲೆ ಒಳಕ್ಕೆ ಸರಿಯುವುದನ್ನು ನಿಲ್ಲಿಸಿ, ಗೆರೆಯ ಬಾಯಿಗೂ ಬಾಲಕ್ಕೂ ಬೆಸುಗೆ ಕಾಣದಂತೆ ಕೂಡಿಸಬೇಕು. ಮತ್ತೆ ಮತ್ತೆ ಸುತ್ತುವ ತುಣುಕನ್ನು, ಅಂದರೆ ಲೂಪನ್ನು, 133.33ರ ಬದಲು 133ರಲ್ಲಿ ಮಾಡಿ ಕಳಿಸಿದರೆ ಅದರ ಉದ್ದ 1.8045 ಸೆಕೆಂಡು ಆಗುತ್ತದೆ. ಹೆಚ್ಚಾದ ನಾಲ್ಕೂವರೆ ಮಿಲಿಸೆಕೆಂಡಿಗೆ ಉಂಗುರದಲ್ಲಿ ಜಾಗವಿಲ್ಲ, ಸುತ್ತು ಸುತ್ತಿಗೂ ತಾಳ ಕುಂಟುತ್ತದೆ. ತಗ್ಗಿನ ಸ್ವರಗಳು ಸ್ಟೀರಿಯೋದಲ್ಲಿ ಎಡಬಲಕ್ಕೆ ಹರಡಿದ್ದರೆ ಸೂಜಿ ಮೇಲೆ ಕೆಳಗೆ ಕುಣಿದು ಗೆರೆಯಿಂದಲೇ ಹಾರಬಹುದು, ಹಾಗಾಗಿ ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಮತ್ತು ಬೇಸ್ ಮೋನೋ, ಅಂದರೆ ಎರಡೂ ಬದಿಗೆ ಒಂದೇ, ಇರಲೇಬೇಕು. ಒಳಗಿನ ಉಂಗುರಗಳಿಗೆ ಇನ್ನೊಂದು ಕಷ್ಟ: 29 ಸೆಂಟಿಮೀಟರ್ ವ್ಯಾಸದಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹರಿದರೆ, 12 ಸೆಂಟಿಮೀಟರ್ ವ್ಯಾಸದಲ್ಲಿ ಬರೀ 21. ಹೈ-ಹ್ಯಾಟ್ ಎಂಬ ಪುಟ್ಟ ಜೋಡಿ ಸಿಂಬಲ್ಲಿನ ಚುರುಕು ಅಲ್ಲಿ ಮಂಕಾಗುತ್ತದೆ. ಸವೆತವೂ ಉಂಟು. ಹತ್ತು ನಿಮಿಷ ಬಿಟ್ಟರೆ ಸೂಜಿ ಒಂದೇ ಜಾಗವನ್ನು 333 ಸಲ ಉಜ್ಜಿರುತ್ತದೆ.

(45ರ ವೇಗದಲ್ಲಿ? ಒಂದು ಸುತ್ತಿಗೆ 1.33 ಸೆಕೆಂಡು. ನಾಲ್ಕು ಪೆಟ್ಟು ಹಾಕಿದರೆ 180 ಬಿಪಿಎಂ, ಕುಣಿಯುವವರ ಪ್ರಾಣ ಹೋಗುತ್ತದೆ. ಮೂರು ಹಾಕಿದರೆ 135.)

ರಾಬರ್ಟ್ ಹುಡ್ ಹಿಡಿದ ದಾರಿ ಬೇರೆ. ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗದಲ್ಲಿ ಮಿಲ್ಸ್ ಜೊತೆಗಿದ್ದ ಹುಡ್ 1994ರಲ್ಲಿ ಆಕ್ಸಿಸ್‌ನಿಂದಲೇ 'ಮಿನಿಮಲ್ ನೇಷನ್' ತಂದರು, ಅದೇ ವರ್ಷ ಎಂ-ಪ್ಲಾಂಟ್ ಎಂಬ ಸ್ವಂತ ಲೇಬಲ್ ಕಟ್ಟಿದರು. ಈ ಶೈಲಿಯ ಲೂಪು ಕೇಳಲು ಪೆದ್ದು ಪೆದ್ದಾಗಿರುತ್ತದೆ, ಆದರೂ ಆರು ನಿಮಿಷ ಬೇಸರ ಬರುವುದಿಲ್ಲ. ಇದರ ಗುಟ್ಟೇನು ಅಂತ ತಿಳಿಯಬೇಕಾದರೆ ಅಂಥದ್ದೊಂದನ್ನು ಕಟ್ಟಿ ನೋಡುವುದೇ ಒಳ್ಳೆಯದು.

ವೇಗ 130ಕ್ಕೆ ಇಡಿ. ರೋಲ್ಯಾಂಡ್ ಟಿಆರ್-909 ಡ್ರಮ್ ಯಂತ್ರದ ಕಿಕ್ ನಾಲ್ಕೂ ಪೆಟ್ಟಿಗೆ. ಈ ಯಂತ್ರದಲ್ಲಿ ಕಿಕ್ ಅನಲಾಗ್ ಸರ್ಕ್ಯೂಟಿನಿಂದ ಹುಟ್ಟುತ್ತದೆ, ಹ್ಯಾಟ್ ಮತ್ತು ಸಿಂಬಲ್ 6 ಬಿಟ್ ಸ್ಯಾಂಪಲ್‌ಗಳು, ಆ ಒರಟುತನಕ್ಕೆ ಅದೇ ಕಾರಣ. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ 461 ಮಿಲಿಸೆಕೆಂಡು ಇರುವುದರಿಂದ ಕಿಕ್‌ನ ಬಾಲ 250ರ ಆಸುಪಾಸಿಗೆ ಮುಗಿಯಲಿ, ಉಳಿದ ಜಾಗ ಖಾಲಿ ಬೇಕು. ನಾಲ್ಕು ಪೆಟ್ಟಿನ ಒಂದು ಆವರ್ತವನ್ನು 16 ಸ್ಟೆಪ್ಪಾಗಿ ಒಡೆದು ಹ್ಯಾಟನ್ನು 3, 7, 11, 15ನೇ ಸ್ಟೆಪ್ಪಿಗೆ ಇಡಿ. ಇನ್ನು ಸಿಂಥ್ (ಸ್ವರ ಹುಟ್ಟಿಸುವ ವಿದ್ಯುತ್ ವಾದ್ಯ): ಗರಗಸದ ಹಲ್ಲಿನಂಥ ಅಲೆ ಕೊಡುವ ಒಂದೇ ಸಾ-ಟೂತ್ ಆಸಿಲೇಟರ್, ಮೇಲಿನ ಕಂಪನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್, ಸಸ್ಟೈನ್ (ಸ್ವರ ನಿಲ್ಲುವ ಮಟ್ಟ) ಸೊನ್ನೆ, ಡಿಕೇ (ಸ್ವರ ಇಳಿಯುವ ಹೊತ್ತು) 90 ಮಿಲಿಸೆಕೆಂಡು. ಇದರ ಸೀಕ್ವೆನ್ಸ್ 16 ಸ್ಟೆಪ್ ಬೇಡ, 5 ಇರಲಿ. ಐದರಲ್ಲಿ ಮೂರು ನುಡಿಯಲಿ, ಎರಡು ಮೌನ.

ಡ್ರಮ್ಮಿನ 16ಕ್ಕೂ ಸಿಂಥಿನ 5ಕ್ಕೂ ಹೊಂದಿಕೆಯಾಗುವುದು 80ನೇ ಸ್ಟೆಪ್ ಮುಗಿದ ಮೇಲೆ, ಅಂದರೆ ಐದು ಆವರ್ತ, 9.2 ಸೆಕೆಂಡು. 7 ಸ್ಟೆಪ್ಪಿನ ಇನ್ನೊಂದು ಗೆರೆಯನ್ನು ಒಂದು ಆಕ್ಟೇವ್ ಮೇಲೆ ಸೇರಿಸಿದರೆ ಮೂರೂ ಒಟ್ಟಿಗೆ ಶುರುವಿನ ಜಾಗಕ್ಕೆ ಬರಲು 560 ಸ್ಟೆಪ್, 35 ಆವರ್ತ, ಹತ್ತಿರ ಹತ್ತಿರ 65 ಸೆಕೆಂಡು. ಆದಿತಾಳದಲ್ಲಿ ಖಂಡ (ಐದು), ಮಿಶ್ರದ (ಏಳು) ಲೆಕ್ಕ ಹಾಕುವ, ಮೃದಂಗದವರ ತನಿ ಆವರ್ತನ ಕೇಳಿದವರಿಗೆ ಇದು ಹೊಸ ಗಣಿತವಲ್ಲ. ಆದರೆ ಕಛೇರಿಯಲ್ಲಿ ಮುಕ್ತಾಯ ಬಂದು ಕೂರುವ ಜಾಗವನ್ನು ಮೂರು ಸಲ ಸಾರಿ ಹೇಳುತ್ತಾರೆ, ಇಲ್ಲಿ ಅದನ್ನು ಬಚ್ಚಿಡುತ್ತಾರೆ.

ಕೈಕೊಡುವ ಜಾಗಗಳು ಹೆಚ್ಚಾಗಿ ಇವೇ. ಸಾಫ್ಟ್‌ವೇರಿನಲ್ಲಿ ನಾಲ್ಕು ಆವರ್ತಕ್ಕೊಮ್ಮೆ ಎಲ್ಲ ಲೂಪೂ ಮೊದಲಿನಿಂದ ಶುರುವಾಗುವಂತೆ ಬಿಟ್ಟರೆ ಜಾರುವಿಕೆ ಸತ್ತುಹೋಗುತ್ತದೆ, ಕಿವಿ ಎರಡನೇ ನಿಮಿಷಕ್ಕೇ ಲೆಕ್ಕ ಹಿಡಿಯುತ್ತದೆ. ಫಿಲ್ಟರನ್ನು 8 ಆವರ್ತದಲ್ಲಿ ತೆರೆದರೆ ಅದು ಬಿಲ್ಡಪ್ ಆಗುತ್ತದೆ. 64ಕ್ಕೆ ಎಳೆಯಿರಿ, ಎರಡು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ, ಬದಲಾವಣೆ ತಿಳಿಯುವುದಿಲ್ಲ, ಬದಲಾಗಿದೆ ಅನ್ನುವುದಷ್ಟೇ ತಿಳಿಯುತ್ತದೆ. ಕಿಕ್‌ಗೂ ಶ್ರುತಿ ಇದೆ. ಅದರ ಬಾಲ 49 ಹರ್ಟ್ಸ್ ಹತ್ತಿರ ನಿಂತರೆ ಅದು ಜಿ. ಸಿಂಥಿನ ಆಧಾರ ಸ್ವರ ಜಿ ಶಾರ್ಪ್ ಆದರೆ ಮೂರೇ ವಾದ್ಯವಿದ್ದರೂ ಇಡೀ ಮಿಕ್ಸು ಕೆಸರು. ತೆಳ್ಳಗೆ ಕೇಳಿತೆಂದು ನಾಲ್ಕನೇ ವಾದ್ಯ ಸೇರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತೆಳ್ಳಗಾಗಲು ಕಾರಣ ಸಾಮಾನ್ಯವಾಗಿ ಹ್ಯಾಟ್‌ಗಳೆಲ್ಲ ಒಂದೇ ಬಲದಲ್ಲಿ ಬೀಳುವುದು.

ಗಮನಿಸಿ, ಇದನ್ನು ಮಿಲ್ಸ್‌ನ ಉಂಗುರದಲ್ಲಿ ಹಿಡಿಸಲು ಆಗುವುದಿಲ್ಲ. 16ರ ಸುತ್ತಿನಲ್ಲಿ 5 ಪೂರ್ತಿ ಕೂರುವುದಿಲ್ಲ. ಒಂದು ಎಂದೂ ಬದಲಾಗದ ಪುನರಾವರ್ತನೆ, ಇನ್ನೊಂದು ಬದಲಾಗುತ್ತಲೇ ಇರುವ ಪುನರಾವರ್ತನೆ. ಎರಡನ್ನೂ 'ಮಿನಿಮಲ್' ಎಂಬ ಒಂದೇ ಡಬ್ಬಿಗೆ ತುಂಬಿದ್ದರಿಂದಲೇ ಯಾರ ಪ್ರಭಾವ ಯಾರ ಮೇಲೆ ಎಂಬ ಲೆಕ್ಕ ತಪ್ಪುವುದು.

ಹುಡ್‌ರದ್ದನ್ನು ರಿಚಿ ಹಾಟಿನ್ ಎತ್ತಿಕೊಂಡರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಸವಿಗಳು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಡೆಟ್ರಾಯ್ಟಿನಿಂದ ನದಿಯಾಚೆ, ಕೆನಡಾದ ವಿಂಡ್ಸರ್‌ನಲ್ಲಿದ್ದ ಹಾಟಿನ್ ಪ್ಲಾಸ್ಟಿಕ್‌ಮ್ಯಾನ್ ಹೆಸರಿನಲ್ಲಿ 'ಶೀಟ್ ಒನ್' ತಂದದ್ದು 1993ರಲ್ಲೇ. ನಿಜವಾಗಿ ಮರೆಗೆ ಸರಿದುಹೋದ ಹೆಸರು ಡ್ಯಾನಿಯಲ್ ಬೆಲ್. 1990ರ ಹೊತ್ತಿಗೇ ಹಾಟಿನ್ ಮತ್ತು ಜಾನ್ ಅಕ್ವಾವೀವಾ ಜೊತೆ ಮೂವರ ತಂಡ ಸೈಬರ್‌ಸೋನಿಕ್‌ನಲ್ಲಿದ್ದು, ಆಮೇಲೆ ಡಿಬಿಎಕ್ಸ್ ಹೆಸರಿನಲ್ಲಿ 1994ರ 'ಲೂಸಿಂಗ್ ಕಂಟ್ರೋಲ್' ಮಾಡಿದವರು ಅವರು. ಹತ್ತು ವರ್ಷ ಬಿಟ್ಟು ಬರ್ಲಿನ್ನಿನಲ್ಲಿ ಮಿನಿಮಲ್ ಅಂತ ಮಾರಾಟವಾದ ಸಂಗೀತದ ಒಣ ಕ್ಲಿಕ್ಕು, ತುಂಡು ಮಾತು, ತಮಾಷೆ ಎಲ್ಲವೂ ಅದರಲ್ಲಿ ಆಗಲೇ ಇತ್ತು. ಡೆಟ್ರಾಯ್ಟಿನ ಟೆರೆನ್ಸ್ ಡಿಕ್ಸನ್ ಹೆಸರು ಇನ್ನೂ ಕಡಿಮೆ ಕೇಳಿಬರುತ್ತದೆ.

ಹಾಟಿನ್ ಬಗ್ಗೆ ನ್ಯಾಯವಾಗಿ ಹೇಳಬೇಕಾದ್ದೂ ಒಂದಿದೆ. 1996ರಲ್ಲಿ ಅವರು ತಿಂಗಳಿಗೊಂದರಂತೆ 'ಕಾನ್ಸೆಪ್ಟ್ 1' ರೆಕಾರ್ಡುಗಳನ್ನು ತಂದರು. ಜರ್ಮನಿಯ ಥಾಮಸ್ ಬ್ರಿಂಕ್‌ಮನ್ ಎರಡು ತೋಳಿನ ಟರ್ನ್‌ಟೇಬಲ್ ಕಟ್ಟಿ, ಅದೇ ರೆಕಾರ್ಡುಗಳ ಮೇಲೆ ಎರಡು ಸೂಜಿ ಒಟ್ಟಿಗೆ ಇಳಿಸಿ ಬೇರೆಯದೇ ಸಂಗೀತ ಮಾಡಿದರು, ಹಾಟಿನ್ ಅದನ್ನು 1998ರಲ್ಲಿ ತಮ್ಮ ಮೈನಸ್ ಲೇಬಲಿನಲ್ಲೇ ಬಿಟ್ಟರು. ಇಲ್ಲೂ ಅದೇ 1.8 ಸೆಕೆಂಡು: ಸೂಜಿಗಳ ನಡುವೆ 22.5 ಡಿಗ್ರಿ ಇದ್ದರೆ 112.5 ಮಿಲಿಸೆಕೆಂಡಿನ ಡಿಲೇ, 67.5 ಇದ್ದರೆ 337.5. ಯಾವ ಡಿಲೇ ಪೆಟ್ಟಿಗೆಯೂ ಬೇಡ.

2003ರಿಂದ 2008ರವರೆಗಿನ ಮಿನಿಮಲ್ ಹೈಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲ್ಯಾಪ್‌ಟಾಪು, ಸಂಗೀತ ಕಟ್ಟುವ ಸಾಫ್ಟ್‌ವೇರ್ ಏಬಲ್ಟನ್ ಲೈವ್, 2004ರಲ್ಲಿ ಶುರುವಾದ ಆನ್‌ಲೈನ್ ಸಂಗೀತದಂಗಡಿ ಬೀಟ್‌ಪೋರ್ಟ್, ಅಗ್ಗದ ವಿಮಾನ, ಬರ್ಲಿನ್. ಅಂಗಡಿಯಲ್ಲಿ ಒಂದು ಪದ ಓಡತೊಡಗಿದರೆ ಅದಕ್ಕೆ ಸರಿಹೊಂದುವ ಸರಕು ತಾನಾಗಿ ತಯಾರಾಗುತ್ತದೆ.

ನಮ್ಮಲ್ಲಿ ಇದರ ತಿರುಗುಮುರುಗು ಹೈಪ್ ನಡೆದಿದೆ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ಟಿಬಿ-303 (ಬೇಸ್ ಯಂತ್ರ), ಟಿಆರ್-808 (ಡ್ರಮ್ ಯಂತ್ರ), ಜುಪಿಟರ್-8 (ಸಿಂಥ್) ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹಾಕಿದರು. 2010ರಲ್ಲಿ ಅದು ಮರುಬಿಡುಗಡೆಯಾದಾಗ, 1987ರ ಷಿಕಾಗೋಗಿಂತ ಮೊದಲೇ ಆಸಿಡ್ ಹೌಸ್ (303ರ ಕಿರುಗುಡುವ ಬೇಸಿನ ಕುಣಿತದ ಸಂಗೀತ) ಕಂಡುಹಿಡಿದವರು ಭಾರತೀಯರು ಎಂದು ಗುಲ್ಲೆದ್ದಿತು. ಮೊದಲು ಹೌದು. ಪ್ರಭಾವ ಅಂದರೆ ಒಪ್ಪಲಾಗದು. ಷಿಕಾಗೋದಲ್ಲಿ ಫ್ಯೂಚರ್ ತಂಡ 303ರ ಫಿಲ್ಟರ್ ಗುಂಡಿಯನ್ನು ತಿರುಚಿ ತಿರುಚಿ ಅದನ್ನೇ ಹಾಡು ಮಾಡಿತು. ಸಿಂಗ್ ಅವರಿಗೆ ಬೇಕಾಗಿದ್ದು ಅದೇ ಯಂತ್ರದ ಸ್ಲೈಡ್, ರಾಗದ ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ. ಅವರನ್ನು ರಾಗಕ್ಕಾಗಿ ಹೊಗಳದೆ ಆಸಿಡ್‌ಗಾಗಿ ಹೊಗಳುವುದು ಅವರಿಗೆ ಮಾಡುವ ಅವಮಾನವೇ ಸರಿ.

ಫಿನ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತ ತಂಡ ಪ್ಯಾನ್ ಸೋನಿಕ್ ಮಾತು ಬಂದಾಗಲೂ ಮಿಕಾ ವೈನಿಯೋ ಹೆಸರು ಬರುತ್ತದೆ, ಅವರಿಗೆ ವಾದ್ಯಗಳನ್ನು ಕೈಯಾರೆ ಕಟ್ಟಿಕೊಟ್ಟ ಯಾರಿ ಲೆಹ್ಟಿನೆನ್ ಹೆಸರು ಬರುವುದಿಲ್ಲ. ಉಂಗುರ ಕೊರೆದ ಮರ್ಫಿಯ ಗುರುತು ಕೊನೇಪಕ್ಷ ರೆಕಾರ್ಡಿನ ಮೇಲೇ ಉಳಿದಿದೆ. ಹಳೆಯ ಡೆಟ್ರಾಯ್ಟ್ ರೆಕಾರ್ಡು ಸಿಕ್ಕರೆ ದೀಪಕ್ಕೆ ಓರೆಯಾಗಿ ಹಿಡಿದು, ಗೆರೆ ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗ ನೋಡಿ. ಕೈಯಲ್ಲಿ ಗೀರಿದ ಎನ್‌ಎಸ್‌ಸಿ ಎಂಬ ಮೂರಕ್ಷರ ಕಂಡರೆ ಅದು ಅವರ ಲೇತಿನಿಂದ ಬಂದದ್ದು. ಮರುಮುದ್ರಣಕ್ಕೆ ಬೇರೆಯವರು ಹೊಸದಾಗಿ ಕೊರೆದಿದ್ದರೆ ಆ ಗುರುತು ಇರುವುದಿಲ್ಲ, ಕವರು ಮಾತ್ರ ಅದೇ ಇರುತ್ತದೆ.