ಕೆಜಿಎಫ್‌ಗೆ ಬಂದವರು ಲೈನ್‌ಗಳನ್ನು ನೋಡಿ ಹೋಗಿ

ಕೋಲಾರ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಊರು ಯಾವುದು ಎಂದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಕೋಲಾರ. 2011ರ ಜನಗಣತಿ ತೆಗೆದು ನೋಡಿ: ಕೋಲಾರ ನಗರದಲ್ಲಿ ಸುಮಾರು 1.38 ಲಕ್ಷ ಜನ, ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ (ಕೋಲಾರ ಗೋಲ್ಡ್ ಫೀಲ್ಡ್ಸ್), ಅಂದರೆ ರಾಬರ್ಟ್‌ಸನ್‌ಪೇಟೆ ನಗರಸಭೆ ಲೆಕ್ಕದಲ್ಲಿ, ಸುಮಾರು 1.62 ಲಕ್ಷ. ಗಣಿ ಮುಚ್ಚಿ ಹತ್ತು ವರ್ಷ ಕಳೆದ ಮೇಲೆ ಎಣಿಸಿದ ತಲೆಗಳು ಅವು. ಚಿನ್ನ ತೆಗೆಯುವುದು ನಿಂತರೂ ಜನ ಊರು ಬಿಡಲಿಲ್ಲ.

ಈಗ ಬರುವವರಲ್ಲಿ ಬಹಳ ಮಂದಿ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಉಳಿದ ಕಲ್ಲಿನ ಹಿಟ್ಟಿನ ಗುಡ್ಡದ, ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಕಮ್ಮಸಂದ್ರದ ಕೋಟಿಲಿಂಗೇಶ್ವರನಿಗೆ ಕೈ ಮುಗಿದು, ಬಂಗಾರಪೇಟೆಯಲ್ಲಿ ಬಣ್ಣವಿಲ್ಲದ ನೀರಿನ ಪಾನಿಪುರಿ ತಿಂದು ವಾಪಸ್ ಹೋಗುತ್ತಾರೆ; ಲೈನ್‌ಗಳ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಕಡೆ ಬರುವುದಿಲ್ಲ. ಪಾನಿಪುರಿ ಖಂಡಿತ ತಿನ್ನಿ. ಆದರೆ ಊರಿಗೆ ರೈಲಲ್ಲಿ ಬನ್ನಿ. ಬಂಗಾರಪೇಟೆಯಿಂದ ಕವಲೊಡೆಯುವ ಸುಮಾರು 16 ಕಿಲೋಮೀಟರ್ ಹಳಿಯನ್ನು 1890ರ ದಶಕದಲ್ಲಿ ಹಾಕಿದ್ದೇ ಗಣಿಗಳಿಗಾಗಿ. ಊರ್ಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪ. ಕೊನೆಯ ನಿಲ್ದಾಣದಲ್ಲೇ ಇಳಿದು ಹಿಂದಕ್ಕೆ ನಡೆಯುತ್ತಾ ಬಂದರೆ ಊರು ಹುಟ್ಟಿದ ಕ್ರಮದಲ್ಲೇ ಕಾಣಿಸುತ್ತದೆ.

ಹೆಸರುಗಳಿಂದಲೇ ಶುರು ಮಾಡೋಣ. ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಊರು. ರಾಬರ್ಟ್‌ಸನ್‌ಪೇಟೆ ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಲ್ಲಿದೆ. ಪ್ಲೇಗಿನ ಕಾಲದಲ್ಲಿ ನಕ್ಷೆ ಹಾಕಿ ಕಟ್ಟಿದ ಪೇಟೆಯಾದ್ದರಿಂದ ಬೀದಿಗಳು ಗೆರೆ ಎಳೆದ ಹಾಗೆ ನೇರವಾಗಿವೆ. ಚಾಂಪಿಯನ್ ಅಂದರೆ ಮನುಷ್ಯನಲ್ಲ, ನೆಲದಡಿಯ ಚಿನ್ನದ ಪದರ. ಸಾಹೇಬರಿಗೂ ಕಲ್ಲಿಗೂ ಹೆಸರು ಸಿಕ್ಕಿತು. ಕಲ್ಲನ್ನು ಒಡೆದವರ ಹೆಸರಲ್ಲಿ ಒಂದು ನಿಲ್ದಾಣವೂ ಇಲ್ಲ.

ಚಿನ್ನವನ್ನು ಕಂಡುಹಿಡಿದವನು ಲವೆಲ್ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಅದು ಅರ್ಧ ಸತ್ಯ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಇಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಕೇಳಿ, ತೋರಿಸಿದವರಿಗೆ ಬಹುಮಾನ ಎಂದ. ಊರ್ಗಾಂ ಜನ ಗಾಡಿಯಲ್ಲಿ ಮಣ್ಣು ತುಂಬಿ ತಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದ ಹತ್ತಿರ ಅವನು ಕಂಡದ್ದು ಇನ್ನೂ ದೊಡ್ಡದು: ಗುಂಡಿಗಳಿಗೆ ಇಳಿದ ದಲಿತ ಗಂಡಸರು ಕಲ್ಲಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಹೆಂಗಸರು ಅದನ್ನು ದೊಡ್ಡ ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ನೀರಲ್ಲಿ ಜಾಲಿಸುತ್ತಿದ್ದರು. ಗಣಿಗಾರಿಕೆಯ ಎಲ್ಲ ಹಂತಗಳೂ ಅಲ್ಲಿದ್ದವು: ಅಗೆಯುವುದು, ಎತ್ತುವುದು, ಪುಡಿ ಮಾಡುವುದು, ತೊಳೆಯುವುದು. ಕಂಪನಿಗಳು ಆಮೇಲೆ ತಂದದ್ದು ಹಣ, ಯಂತ್ರ, ಆಳ.

ಐರಿಷ್ ಮೂಲದ ಮಾಜಿ ಸೈನಿಕ ಮೈಕೆಲ್ ಲವೆಲ್ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಬಂದದ್ದು ಆ ವಾರೆನ್ ಬರೆದದ್ದನ್ನು ಓದಿಯೇ. 1875ರಲ್ಲಿ ಅವನಿಗೆ ಪರವಾನಗಿ ಸಿಕ್ಕಿತು, ಬಂಡವಾಳ ಸಿಗಲಿಲ್ಲ. ಹಕ್ಕು ಕೈ ಬದಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದರು. ಅವರ ದುಡ್ಡೂ ಮುಗಿಯುತ್ತಾ ಬಂದಿದ್ದಾಗ ಇಲ್ಲಿನ ‘ಮೈಸೂರು’ ಎಂಬ ಗಣಿಯಲ್ಲಿ ಕ್ಯಾಪ್ಟನ್ ಪ್ಲಮ್ಮರ್ ತಂಡಕ್ಕೆ ಚಾಂಪಿಯನ್ ಪದರ ಸಿಕ್ಕಿತು. ಅಲ್ಲಿಂದ ಮುಂದೆ ಊರು ಹಿಗ್ಗಿತು.

ಕರೆಂಟಿನ ಕಥೆ ಜಿಲ್ಲೆಯವರಿಗೆಲ್ಲ ಬಾಯಿಪಾಠ, ಆದರೆ ಕಾರಣ ಹೇಳುವವರು ಕಡಿಮೆ. ಗಣಿಗೆ ಇಳಿಯುವ ಬಾವಿಯಂಥ ಶಾಫ್ಟ್‌ನಿಂದ ಕಲ್ಲು ಎತ್ತುವ ವೈಂಡರ್, ಕಲ್ಲು ಕುಟ್ಟುವ ಸ್ಟಾಂಪ್ ಮಿಲ್, ಡ್ರಿಲ್‌ಗೆ ಗಾಳಿ ಕೊಡುವ ಕಂಪ್ರೆಸರ್, ಎಲ್ಲವೂ ಹಬೆಯಲ್ಲಿ ನಡೆಯುತ್ತಿದ್ದವು; ಹಬೆಗೆ ಸೌದೆ, ಕಲ್ಲಿದ್ದಲು ಬೇಕು. ಆಳ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಹಾಗಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಸರಿಯಾದದ್ದೇ. ಆದರೆ ಆ ತಂತಿ ಬಂದದ್ದು ಯಂತ್ರಕ್ಕಾಗಿ.

ಆಳ ಎಂದೆನಲ್ಲ, ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್ ದಾಟಿ, ಸುಮಾರು 3,200 ಮೀಟರ್‌ವರೆಗೆ ಇಳಿಯಿತು. ಕೆಳಗೆ ಹೋದಂತೆ ಬಂಡೆಯೇ ಬಿಸಿ. ಮುಟ್ಟಿದರೆ ಕೈ ಸುಡುವಷ್ಟು. ಬರೀ ಗಾಳಿ ಊದಿದರೆ ಸಾಲದೆ, ತಂಪು ಮಾಡಿದ ಗಾಳಿಯನ್ನೇ ಕೆಳಗೆ ಕಳಿಸಬೇಕಾಯಿತು. ಬಿಸಿಗಿಂತ ದೊಡ್ಡ ಭಯ ರಾಕ್ ಬರ್ಸ್ಟ್. ಅದಿರು ತೆಗೆದ ಜಾಗ ಖಾಲಿಯಾದಾಗ ಮೇಲಿನ, ಪಕ್ಕದ ಬಂಡೆಯ ಭಾರವೆಲ್ಲ ಉಳಿದ ಕಂಬಗಳ ಮೇಲೆ ಬೀಳುತ್ತದೆ. ಹಿಡಿದಿಟ್ಟ ಒತ್ತಡ ಒಂದು ಕ್ಷಣದಲ್ಲಿ ಬಿಟ್ಟರೆ ಗಟ್ಟಿ ಬಂಡೆ ಸಿಡಿಮದ್ದಿನಂತೆ ಸಿಡಿಯುತ್ತದೆ, ಸುರಂಗ ಮುಚ್ಚಿಹೋಗುತ್ತದೆ. ಮೇಲೆ ಊರಿನಲ್ಲಿ ಭೂಕಂಪದ ಹಾಗೆ ಪಾತ್ರೆ ಅಲುಗಾಡುತ್ತವೆ, ಗೋಡೆ ಬಿರುಕು ಬಿಡುತ್ತದೆ. ಮೊದಲು ಮರದ ತೊಲೆ ಕೊಟ್ಟರು; ಜಜ್ಜಿಹೋಯಿತು. ಆಮೇಲೆ ಗ್ರಾನೈಟ್ ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ಗೋಡೆ ಕಟ್ಟಿದರು, ಕೊನೆಗೆ ಕಾಂಕ್ರೀಟ್ ತುಂಬಿದರು. ಯಾವುದೂ ಪೂರ್ತಿ ತಡೆಯಲಿಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ನೆಲ ನಡುಗಿದರೆ, ಲೈನ್‌ನ ಹೆಂಗಸರು ಶಾಫ್ಟ್ ಕಡೆ ಓಡುತ್ತಿದ್ದರು. ಬಂಡೆಯಿಂದ ಉಳಿದವರನ್ನು ಧೂಳು ಬಿಡಲಿಲ್ಲ: ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ನಿಧಾನಕ್ಕೆ ಉಸಿರು ಕಿತ್ತುಕೊಳ್ಳುತ್ತದೆ.

ಇದೇ ಆಳ ವಿಜ್ಞಾನಿಗಳಿಗೆ ವರವಾಯಿತು. ಮೇಲಿನ ಬಂಡೆ ಇತರ ಕಣಗಳನ್ನೆಲ್ಲ ತಡೆಯುವುದರಿಂದ, 1965ರಲ್ಲಿ ಇಲ್ಲಿನ ಉಪಕರಣಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತನ್ನು ಹಿಡಿದವು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳು ಸೇರಿ ಮಾಡಿದ ಕೆಲಸ ಅದು. ಜಿಲ್ಲೆಯ ಶಾಲೆಗಳಲ್ಲಿ ಇದನ್ನು ಹೇಳಿಕೊಡಬೇಕು.

ಗಣಿ ಯಾಕೆ ಮುಚ್ಚಿತು ಎಂಬುದಕ್ಕೆ ಒಂದು ಲೆಕ್ಕ ಹಾಕಿ. ಶುರುವಿನ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಮೀರಿ ಚಿನ್ನ ಬರುತ್ತಿತ್ತು. 8 ಗ್ರಾಂನ ಸವರನ್ ಲೆಕ್ಕದಲ್ಲಿ ಐದು ಸವರನ್. ಕೊನೆಯ ವರ್ಷಗಳಲ್ಲಿ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಒಂದೇ ಒಂದು ಸವರನ್‌ಗೆ ಹೆಚ್ಚುಕಡಿಮೆ ಮೂರು ಟನ್ ಕಲ್ಲನ್ನು ಮೂರು ಕಿಲೋಮೀಟರ್ ಕೆಳಗಿನಿಂದ ಎತ್ತಿ, ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ನೀರಲ್ಲಿ ಕರಗಿಸಿ ತೆಗೆಯಬೇಕು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಅಷ್ಟು ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಅರೆದ ಹಿಟ್ಟೇ ಇಂದಿನ ಸೈನೈಡ್ ದಿಬ್ಬಗಳು.

ಈಗ ಲೈನ್‌ಗಳಿಗೆ ಬರೋಣ, ಈ ಊರಿನ ಜೀವ ಇರುವುದು ಅಲ್ಲೇ. ಲೈನ್ ಎಂದರೆ ಕಂಪನಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆಗಳು. ಮೊದಲು ಬಿದಿರು ತಟ್ಟಿಯವು, ಆಮೇಲೆ ಗೋಡೆಯವು. ಒಂದೇ ಕೋಣೆ, ಮುಂದೆ ಸಣ್ಣ ಜಾಗ, ಸಾಲಿಗೆಲ್ಲ ಸೇರಿ ನಲ್ಲಿ, ಸೇರಿ ಶೌಚಾಲಯ. ಉತ್ತರ ಆರ್ಕಾಟ್, ಸೇಲಂ ಕಡೆಯ ತಮಿಳು ದಲಿತರು, ಚಿತ್ತೂರು ಕಡೆಯ ತೆಲುಗರು ಇಲ್ಲಿ ನೆಲೆಯಾದರು. ಅಧಿಕಾರಿಗಳ ಬಂಗಲೆಗಳಿದ್ದದ್ದು ಬೇರೆ ಕಡೆ, ಗಾಲ್ಫ್ ಮೈದಾನ, ಕ್ಲಬ್ ಸಮೇತ. ನಡುವಿನ ಸ್ತರದಲ್ಲಿ ಆಂಗ್ಲೋ ಇಂಡಿಯನ್ನರು, ಇಟಲಿಯಿಂದ ಬಂದ ಗಣಿಗಾರರು, ಕಾವಲಿಗೆ ಪಂಜಾಬಿಗಳು, ಪೇಟೆಯಲ್ಲಿ ಮಾರ್ವಾಡಿಗಳು. ಇವತ್ತಿಗೂ ಇಲ್ಲಿಯ ಹುಡುಗರು ಒಂದೇ ಮಾತಿನೊಳಗೆ ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಬೆರೆಸುತ್ತಾರೆ. ಕೋಲಾರದ ಕನ್ನಡಿಗರಿಗೆ ಅದು ಹೊಸದೇನಲ್ಲ.

ಹಳ್ಳಿಯ ಜಾತಿ ಕಟ್ಟಿನಿಂದ ತಪ್ಪಿಸಿಕೊಂಡು ಬಂದವರಿಗೆ ಸಂಬಳ ಎಷ್ಟೇ ಕಡಿಮೆಯಿದ್ದರೂ ಕೈಗೆ ನಗದು ಬರುತ್ತಿತ್ತು, ಓದು ಸಿಗುತ್ತಿತ್ತು. ಅದರಿಂದಲೇ ತಮಿಳು ದಲಿತ ಚಿಂತಕ ಅಯೋತಿ ದಾಸರ್ ಅವರ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪದಲ್ಲಿ ಗಟ್ಟಿ ಶಾಖೆ ಬೆಳೆಯಿತು. ಮದರಾಸಿನಲ್ಲಿ ಅವರು 1907ರಲ್ಲಿ ಶುರು ಮಾಡಿದ್ದ ‘ತಮಿಳನ್’ ಪತ್ರಿಕೆ, ಅವರು ತೀರಿಕೊಂಡ ಎಷ್ಟೋ ವರ್ಷದ ನಂತರ, 1926ರಲ್ಲಿ ಜಿ. ಅಪ್ಪಾದುರೈ ಅವರ ಕೈಯಲ್ಲಿ ಕೆಜಿಎಫ್‌ನಿಂದ ಮತ್ತೆ ಹೊರಬಂತು. ಗಣಿ ಕಾರ್ಮಿಕರ ಊರು ತನ್ನದೇ ಪ್ರೆಸ್ಸಿನಲ್ಲಿ ತನ್ನ ವಿಚಾರ ಅಚ್ಚು ಹಾಕಿಕೊಂಡಿತು. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತೆಗೆದು ದಾಖಲಿಸಲು ಹೊರಟಾಗ, ಕಳ್ಳರಂತೆ ಕಾಣಬೇಡಿ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದ್ದೂ ಇದೇ ಲೈನ್‌ಗಳಿಂದ.

ಬೆಜವಾಡ ವಿಲ್ಸನ್ ಹುಟ್ಟಿದ್ದು ಇಲ್ಲೇ, ಮಲ ಎತ್ತುವ ಕೆಲಸಕ್ಕೆ ತಳ್ಳಲ್ಪಟ್ಟ ಕುಟುಂಬದಲ್ಲಿ. ಲೈನ್‌ಗಳ ಒಣ ಶೌಚಾಲಯಗಳ ವಿರುದ್ಧ 1980ರ ದಶಕದಲ್ಲಿ ಅವರು ಬರೆದ ಪತ್ರಗಳು ಮುಂದೆ ದೇಶದುದ್ದದ ಸಫಾಯಿ ಕರ್ಮಚಾರಿ ಆಂದೋಲನವಾಗಿ ಬೆಳೆದವು; 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೆಜಿಎಫ್‌ನ ಹೆಸರು ಹೇಳುವಾಗ ನಾನು ಮೊದಲು ಹೇಳುವ ಹೆಸರು ಅದು.

ನೋಡಲು ಬರುವವರಿಗೆ ಕೆಲವು ಮಾತು. ಗಣಿಯೊಳಗೆ ಇಳಿಯುವುದು ಸಾಧ್ಯವಿಲ್ಲ. ಪಂಪ್ ನಿಂತ ಮೇಲೆ ನೀರು ತುಂಬಿದೆ. ಹಳೇ ಶಾಫ್ಟ್‌ಗಳ ಸುತ್ತ ನೆಲ ಟೊಳ್ಳು, ಬೇಲಿ ದಾಟಬೇಡಿ. ಶಾಫ್ಟ್ ಮೇಲೆ ನಿಂತ ಗೋಪುರಗಳಾದ ಹೆಡ್‌ಗೇರ್‌ಗಳನ್ನು ರಸ್ತೆಯಿಂದಲೇ ನೋಡಬಹುದು. ದಿಬ್ಬ ಹತ್ತಬೇಡಿ. ಹಿಟ್ಟಿನಂಥ ಪುಡಿಯಾದ್ದರಿಂದ ಅಂಚು ಕುಸಿಯುತ್ತದೆ. ಗಾಳಿ ಜೋರಾಗಿರುವ ಆಷಾಢದಲ್ಲಿ ಅದೇ ಧೂಳು ಕೆಳಗಿನ ಲೈನ್‌ಗಳ ಅಡುಗೆಮನೆಗೆ ನುಗ್ಗುತ್ತದೆ. ಮಕ್ಕಳನ್ನು ಕರೆತರುವುದಾದರೆ ಆ ತಿಂಗಳು ಬಿಡಿ. ಲೈನ್‌ಗಳಲ್ಲಿ ಫೋಟೊ ತೆಗೆಯುವ ಮುಂಚೆ ಮನೆಯವರನ್ನು ಕೇಳಿ. ಬಾಗಿಲಲ್ಲಿ ಕೂತ ಹಿರಿಯರನ್ನು ‘ತಾತ, ಯಾವ ಶಾಫ್ಟ್‌ನಲ್ಲಿ ಕೆಲಸ ಮಾಡ್ತಿದ್ರಿ?’ ಎಂದು ಮಾತಾಡಿಸಿ; ಯಾವ ಫಲಕದಲ್ಲೂ ಇಲ್ಲದ್ದನ್ನು ಹೇಳುತ್ತಾರೆ.

ರೈಲಿನ ವಿಷಯದಲ್ಲಿ ಒಂದು ಎಚ್ಚರ. ಗಣಿ ಮುಚ್ಚಿದ ಮೇಲೆ ಇಲ್ಲಿಂದ ನಿತ್ಯ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬೆಳಿಗ್ಗೆ ಮಾರಿಕುಪ್ಪದಿಂದ ಹೊರಡುವ ಗಾಡಿಗಳು, ಸಂಜೆ ಬೆಂಗಳೂರಿನಿಂದ ವಾಪಸ್ ಬರುವ ಗಾಡಿಗಳು ಕಿಕ್ಕಿರಿದಿರುತ್ತವೆ. ನೀವು ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನವೇ ಹಿಂತಿರುಗಿ. ಸಂಜೆಯ ಗಾಡಿಯ ಸೀಟು ಹಗಲೆಲ್ಲ ದುಡಿದು ದಣಿದವರಿಗಿರಲಿ.